ಮೇಷ್ಟ್ರು ಮಂಡಿ ಮುಟ್ಟಿದರೆ

ಎಲ್ಲ ಶುರುವಾದದ್ದು ಜಡ್ಜ್ ಸಾಹೇಬರ ಮಂಡಿಯಿಂದ. ಬೆಳಿಗ್ಗೆ ತಿಂಡಿ ಮುಗಿಸಿ ಹಡಗಿನ ಊಟದ ಹಾಲ್ ಬಾಗಿಲಲ್ಲಿ ನಿಂತು ಹಲ್ಲಿನ ಸಂದಿಯನ್ನು ನಾಲಿಗೆಯಿಂದ ತಡಕಾಡುತ್ತಿದ್ದ ಆ ನಿವೃತ್ತ ನ್ಯಾಯಾಧೀಶರ ಮಂಡಿಯ ಮೇಲೆ ಕನ್ನಡಕದವನ ನಾಯಿ ತನ್ನ ಮುಂಗಾಲೆತ್ತಿ ಇಟ್ಟಿತು. ಇಟ್ಟದ್ದನ್ನು ತೆಗೆಯಲಿಲ್ಲ.

ಕನ್ನಡಕದವನು ಎಂದರೆ ಕನ್ನಡಕದ ಅಂಗಡಿ ಇಟ್ಟವನು. ಊರವರ ಕಣ್ಣನ್ನೆಲ್ಲ ಸರಿಮಾಡಿ, ತನ್ನ ಕಣ್ಣಿಗೆ ಮಾತ್ರ ಯಾವಾಗ ಬೇಕಾದರೂ ಕತ್ತಲೆ ಬರಿಸಿಕೊಳ್ಳುವ ಪ್ರಾಣಿ. ರಕ್ತದೊತ್ತಡ ಇದ್ದಕ್ಕಿದ್ದಂತೆ ಇಳಿದು ನಿಂತಲ್ಲೇ ದೊಪ್ಪನೆ ಬೀಳುವ ಕಾಯಿಲೆ ಅವನದು. ಹೆಂಡತಿ ಇದ್ದಾಗ ಅವಳು ಮುಖ ನೋಡಿಯೇ ಗುರುತಿಸಿ "ಕೂತ್ಕೊಳ್ಳಿ" ಎನ್ನುತ್ತಿದ್ದಳು. ಅವಳು ಹೋದಮೇಲೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಒಂದು ದಿನ ಅಂಗಡಿಯ ಗಾಜಿನ ಕಪಾಟಿನ ಮೇಲೆಯೇ ಬಿದ್ದ. ಆಗ ಡಾಕ್ಟರು ತರಬೇತಾದ ಈ ನಾಯಿಯನ್ನು ಗೊತ್ತುಮಾಡಿಕೊಟ್ಟರು. ಬೀಳುವುದಕ್ಕೆ ಸ್ವಲ್ಪ ಮುಂಚೆ ಅದಕ್ಕೆ ಹೇಗೋ ವಾಸನೆ ಹತ್ತುತ್ತದೆ, ಬಂದು ಮಂಡಿಯ ಮೇಲೆ ಕಾಲಿಡುತ್ತದೆ, ಇವನು ಬೀದಿಯಾಗಲಿ ಬ್ಯಾಂಕಾಗಲಿ ಅಲ್ಲೇ ಕೂತುಬಿಡಬೇಕು. ಬೆಳೆದ ಗಂಡಸನ್ನು ಹೀಗೆ ಹೇಳಿದಲ್ಲಿ ಕೂರಿಸುವ ನಾಯಿಗೆ ಅವನ ಅಕ್ಕ ಮೇಷ್ಟ್ರು ಎಂದು ಹೆಸರಿಟ್ಟಳು. ಹೆಸರು ಇಟ್ಟಮೇಲೆ ಮರ್ಯಾದೆ ಕೊಡದೆ ವಿಧಿಯಿಲ್ಲ. ಆದ್ದರಿಂದ ನಾವೂ ಇನ್ನು ಬಹುವಚನದಲ್ಲೇ ಮಾತಾಡೋಣ.

ಹಡಗಿನ ಪ್ರವಾಸವೂ ಅಕ್ಕನದೇ ಹಟ. "ಮನೇಲಿ ಕೂತು ಗೋಡೆ ನೋಡಿದ್ದು ಸಾಕು, ಸಮುದ್ರ ನೋಡು" ಎಂದು ಎಳೆದು ತಂದಿದ್ದಳು. ಅವನು ನೋಡಿದ. ಸಮುದ್ರವೂ ಗೋಡೆಯ ಹಾಗೆಯೇ ಇತ್ತು, ಅಲ್ಲಾಡುತ್ತಿತ್ತು ಅಷ್ಟೆ.

ಮೇಷ್ಟ್ರ ವಿದ್ಯೆಯಲ್ಲಿ ಒಂದೇ ಒಂದು ದೋಷವಿತ್ತು. ಅವರಿಗೆ ಪಾಠ ಹೇಳಿಕೊಟ್ಟವರು, ಪ್ರತಿಸಲ ಸರಿಯಾಗಿ ಕಾಲಿಟ್ಟಾಗಲೂ ಹುರಿದ ಮಾಂಸದ ಒಂದು ಚೂರು ಕೊಟ್ಟು ಕಲಿಸಿದ್ದರು. ಹಾಗಾಗಿ ಕಾಲಿಟ್ಟರೆ ಮಾಂಸ ಎನ್ನುವುದನ್ನು ಮೇಷ್ಟ್ರು ಮನಸ್ಸಿನಲ್ಲೇ ತಿರುಗಿಸಿ, ಮಾಂಸ ಇದ್ದಲ್ಲಿ ಕಾಲಿಡತಕ್ಕದ್ದು ಎಂದೂ ತಿಳಿದುಕೊಂಡಿದ್ದರು. ನೆಲದ ಮೇಲೆ ಇದರಿಂದ ತೊಂದರೆಯಾಗಿರಲಿಲ್ಲ, ಏಕೆಂದರೆ ನೆಲದ ಮೇಲೆ ಮರ್ಯಾದಸ್ಥರು ಜೇಬಿನಲ್ಲಿ ಮಾಂಸ ಇಟ್ಟುಕೊಂಡು ತಿರುಗುವುದಿಲ್ಲ. ಹಡಗಿನ ಊಟದ ಹಾಲ್‌ನಲ್ಲಾದರೆ ಎಷ್ಟು ಬೇಕಾದರೂ ತಿನ್ನಬಹುದು, ಹೊರಗೆ ಒಯ್ಯುವಂತಿಲ್ಲ ಎಂದು ಬೋರ್ಡು ಹಾಕಿದ್ದರು. ಹಾಗೆ ಬೋರ್ಡು ಹಾಕಿದಮೇಲೆ ಒಯ್ಯದೆ ಇರುವುದು ಯಾರಿಗೆ ಸಾಧ್ಯ?

ಜಡ್ಜ್ ಸಾಹೇಬರ ಕೋಟಿನ ಜೇಬು ಉಬ್ಬಿದ್ದನ್ನೂ ಅದರ ಅಂಚಿಗೆ ಜಿಡ್ಡು ಇಳಿದದ್ದನ್ನೂ ಕನ್ನಡಕದವನು ಕಂಡ. ಅಷ್ಟು ದೊಡ್ಡವರಿಗೆ ಏನೆಂದು ಹೇಳುವುದು? ಸುಮ್ಮನೆ ಹಗ್ಗ ಎಳೆದ.

ಅಕ್ಕ ಸುಮ್ಮನಿರಬೇಕಲ್ಲ. ಹಡಗು ಹತ್ತಿದ ದಿನದಿಂದಲೂ ಮೇಷ್ಟ್ರ ಗುಣಗಾನ ಮಾಡಿ ಮಾಡಿ ಅವಳ ಗಂಟಲು ಕಟ್ಟಿತ್ತು. "ಅಯ್ಯೋ, ಸರ್, ಹುಷಾರು. ನಮ್ಮ ಮೇಷ್ಟ್ರು ಮಂಡಿ ಮುಟ್ಟಿದ್ರು ಅಂದ್ರೆ ಆ ಮನುಷ್ಯ ಬಿದ್ದ ಅಂತಾನೇ ಲೆಕ್ಕ. ಇವತ್ತಿನವರೆಗೂ ತಪ್ಪಿಲ್ಲ."

ಜಡ್ಜ್ ನಕ್ಕು ಮುಂದೆ ಹೋದರು. ಆದರೆ ನಾಲ್ಕು ಜನರ ತಿಂಡಿಯನ್ನು ಒಬ್ಬರೇ ತಿಂದಿದ್ದರು, ಹೊರಗೆ ಅಲೆಗಳೂ ಎದ್ದಿದ್ದವು. ಸ್ವಲ್ಪ ಹೊತ್ತಿನಲ್ಲೇ ಅವರನ್ನು ಇಬ್ಬರು ಹಿಡಿದುಕೊಂಡು ರೂಮಿಗೆ ಸಾಗಿಸಿದರು. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂದಿತ್ತಂತೆ.

ಸುದ್ದಿ ಹಡಗಿಗಿಂತ ವೇಗವಾಗಿ ಓಡಿತು. ಅದರ ಹಿಂದೆಯೇ ಮೇಷ್ಟ್ರು ಮುತ್ತಿನ ಹಾರದಮ್ಮನ ಮಂಡಿ ಮುಟ್ಟಿದರು. ಆಕೆ ಸಿರಿವಂತೆ, ಮೂರೆಳೆ ಹಾರ, ತೊಡೆಯ ಮೇಲೊಂದು ದೊಡ್ಡ ಕೈಚೀಲ. ಮುಟ್ಟಿದ ತಕ್ಷಣ ಆಕೆ ರೂಮಿಗೆ ಹೋಗಿ ಮಲಗಿ, ಹಡಗಿನ ಡಾಕ್ಟರನ್ನು ಕರೆಸಿ, ತನ್ನ ಮುತ್ತು ಯಾರಿಗೆ ಹೋಗಬಾರದು ಎಂದು ಅವರಿಗೆ ವಿವರವಾಗಿ ಹೇಳಿದಳು. ಡಾಕ್ಟರು ಕೈ ನೋಡಿದರು. ಹೆದರಿಕೆಗೆ ನಾಡಿ ಕುದುರೆಯಂತೆ ಓಡುತ್ತಿತ್ತು. ಅದೂ ಮೇಷ್ಟ್ರ ಲೆಕ್ಕಕ್ಕೇ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಕನ್ನಡಕದವನು ಲಿಫ್ಟಿಗೆ ಕಾಲಿಟ್ಟರೆ ಒಳಗಿದ್ದವರೆಲ್ಲ ಇಳಿದುಬಿಡುತ್ತಿದ್ದರು. ಮೇಲಿನ ಡೆಕ್ಕಿನಲ್ಲಿ ಬಿಸಿಲು ಕಾಯಿಸುತ್ತಿದ್ದವರು ಅವನನ್ನು ಕಂಡು ಮಂಡಿಗೆ ಟವೆಲ್ ಹೊದಿಸಿಕೊಂಡರು. ಹೆಂಡತಿ ಸತ್ತಮೇಲೆ ಜನ ತನ್ನನ್ನು ಕಂಡು ದೂರ ಸರಿಯುವುದು ಅವನಿಗೆ ಅಭ್ಯಾಸವೇ ಆಗಿತ್ತು. ದುಃಖದ ಮನುಷ್ಯನ ಹತ್ತಿರ ಏನು ಮಾತಾಡುವುದು ಎಂದು ಆಗ ಹಾಗೆ ಮಾಡುತ್ತಿದ್ದರು. ಈಗ ಕಾರಣ ಬೇರೆ, ಒಂಟಿತನ ಅದೇ.

ಒಬ್ಬ ಮಾತ್ರ ಅವನನ್ನು ಮೂಲೆಗೆ ಕರೆದು ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದ. "ಸರ್, ನಮ್ಮ ಮಾವನೋರು ಕೆಳಗಿನ ರೂಮಲ್ಲಿದ್ದಾರೆ. ನಿಮ್ಮ ನಾಯೀನ ಹಾಗೇ ಒಂದು ಸುತ್ತು ಕರ್ಕೊಂಡು ಬರ್ತೀರಾ? ಸುಮ್ನೆ, ತಿಳ್ಕೊಳ್ಳೋಕೆ."

ರೂಮಿಗೆ ಬಂದು ಕನ್ನಡಕದವನು ಅಕ್ಕನಿಗೆ ನಿಜ ಹೇಳಿದ. "ಅಕ್ಕ, ಮೇಷ್ಟ್ರು ಜೇಬಲ್ಲಿರೋ ತಿಂಡಿಗೆ ಕಾಲಿಡ್ತಿದ್ದಾರೆ. ಎಲ್ಲರಿಗೂ ಹೇಳಿಬಿಡ್ತೀನಿ."

"ಏನಂತ ಹೇಳ್ತೀಯೋ? ಜಡ್ಜು ಕಳ್ಳ ಅಂತಾನಾ? ಬಾಯಿ ಮುಚ್ಕೊಂಡಿರು. ನಾಲ್ಕು ದಿನ ಕಳೆದ್ರೆ ಇವರ ಮುಖ ನಾವು ನೋಡ್ತೀವಾ?" ಎಂದಳು ಅಕ್ಕ. ಹೇಳುವಾಗ ಅವಳು ತನ್ನ ಚೀಲವನ್ನು ಮೇಷ್ಟ್ರಿಂದ ದೂರಕ್ಕೆ, ಕಪಾಟಿನ ಮೇಲಕ್ಕೆ ಎತ್ತಿಟ್ಟಳು.

ಅಷ್ಟರಲ್ಲಿ ಕ್ಯಾಪ್ಟನ್‌ರಿಂದ ಕರೆ ಬಂತು. ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು ಅಕ್ಕನೂ ಹೊರಟಳು.

ದೊಡ್ಡ ಹಾಲ್‌ನಲ್ಲಿ ಅರ್ಧ ಹಡಗು ಸೇರಿತ್ತು. ಜಡ್ಜ್ ಸಾಹೇಬರು ಬಿಳಿಚಿಕೊಂಡ ಮುಖದಲ್ಲಿ, ಕೈಗೆ ಸಿಕ್ಕ ಅದೇ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಮುತ್ತಿನ ಹಾರದಮ್ಮ ಸಾಯುವುದನ್ನು ಮುಂದಕ್ಕೆ ಹಾಕಿ ಎದ್ದು ಬಂದಿದ್ದಳು. ಕ್ಯಾಪ್ಟನ್ ಒಳ್ಳೆಯ ಮನುಷ್ಯ, ಆದರೆ ದೂರು ಕೇಳಿ ಕೇಳಿ ತಲೆ ಕೆಟ್ಟಿತ್ತು.

"ನೋಡಿ, ಜನ ಹೆದರಿದ್ದಾರೆ," ಎಂದರು. "ನಾಳೆ ಬಂದರು ಬರುತ್ತೆ. ನಾಯೀನ ಅಲ್ಲಿ ಇಳಿಸಿಬಿಡ್ತೀವಿ. ನೋಡ್ಕೊಳ್ಳೋ ಜಾಗ ಇದೆ."

"ನಾನು?" ಎಂದ ಕನ್ನಡಕದವನು.

"ನೀವು ಆರಾಮಾಗಿ ಪ್ರವಾಸ ಮುಂದುವರಿಸಿ."

ಅವನು ಮೇಷ್ಟ್ರ ಹಗ್ಗವನ್ನು ಕೈಗೆ ಸುತ್ತಿಕೊಂಡ. ಈ ಹಡಗಿನಲ್ಲಿ ಎಲ್ಲಿ ನೋಡಿದರೂ ಕಬ್ಬಿಣದ ಮೆಟ್ಟಿಲು. ಮೇಷ್ಟ್ರಿಲ್ಲದೆ ಒಂದು ಮೆಟ್ಟಿಲು ಹತ್ತುವ ಧೈರ್ಯವೂ ಅವನಿಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಕಣ್ಣುಬಿಟ್ಟಾಗ ತನ್ನ ಮುಖವನ್ನೇ ನೋಡುತ್ತ ಕೂತಿರುವ ಜೀವ ಅದೊಂದೇ ಉಳಿದಿತ್ತು. ಅದನ್ನು ಕೊಡಲಾರೆ ಎಂದುಕೊಂಡ. ಹುಟ್ಟಿದಾಗಿನಿಂದ ಯಾರಿಗೂ ಎದುರಾಡದ ಮನುಷ್ಯ ಬಾಯಿ ಬಿಟ್ಟ.

"ಎಲ್ಲರೂ ದಯವಿಟ್ಟು ಜೇಬು ತೋರಿಸಿ."

ಯಾರೂ ಜೇಬಿಗೆ ಕೈ ಹಾಕಲಿಲ್ಲ. ಅವನು ಮೇಷ್ಟ್ರ ಹಗ್ಗ ಬಿಟ್ಟ. ಮೇಷ್ಟ್ರು ನೇರವಾಗಿ ಹೋಗಿ ಜಡ್ಜ್ ಸಾಹೇಬರ ಮಂಡಿ ಮುಟ್ಟಿದರು. ಡಾಕ್ಟರು ಕುತೂಹಲಕ್ಕೆ ಅವರ ಕೋಟಿನ ಜೇಬಿಗೆ ಕೈ ಹಾಕಿ, ಬೆಳಗಿನ ಮಾಂಸದ ತುಂಡುಗಳನ್ನು ಕಾಗದದ ಕರವಸ್ತ್ರದ ಸಮೇತ ಎತ್ತಿದರು. ಮೇಷ್ಟ್ರು ಮುತ್ತಿನ ಹಾರದಮ್ಮನ ಕಡೆ ತಿರುಗಿದರು. ಆಕೆಯ ಕೈಚೀಲದಿಂದ ಅರ್ಧ ಕೋಳಿ ಹೊರಬಂತು. ಮೇಷ್ಟ್ರು ಸಾಲು ಹಿಡಿದು ಹೊರಟರು. ಎಲ್ಲೆಲ್ಲಿ ಕಾಲಿಟ್ಟರೋ ಅಲ್ಲೆಲ್ಲ ಏನಾದರೂ ಸಿಕ್ಕಿತು. ಕೊನೆಗೆ ಅಕ್ಕನ ಮುಂದೆ ನಿಂತರು.

"ನನ್ನದು ಮೇಷ್ಟ್ರಿಗೇ ಅಂತ ತಂದಿದ್ದು," ಎಂದಳು ಅಕ್ಕ, ಯಾರೂ ಕೇಳುವ ಮೊದಲೇ.

ಕನ್ನಡಕದವನಿಗೆ ಬಹಳ ದಿನಗಳ ಮೇಲೆ ನಗು ಬಂತು. "ನೋಡಿದ್ರಾ, ಸರ್? ಭವಿಷ್ಯವೂ ಇಲ್ಲ, ಸಾವೂ ಇಲ್ಲ. ತಿಂಡಿ ಆಸೆ ಅಷ್ಟೆ."

ಕ್ಯಾಪ್ಟನ್ ಗಲ್ಲ ಕೆರೆದುಕೊಂಡರು. "ಒಪ್ಪಿದೆ. ಆದ್ರೆ, ಸ್ವಾಮಿ, ಕಾಯಿಲೆಯವರಿಗೆ ಸಹಾಯ ಮಾಡೋ ನಾಯಿ ಅಂತ ತಾನೇ ನೀವು ಇದನ್ನ ಹಡಗಿಗೆ ಹತ್ತಿಸಿದ್ದು? ತಿಂಡಿ ಆಸೆಯ ಮಾಮೂಲಿ ನಾಯಿಗೆ ಇಲ್ಲಿ ಜಾಗ ಇಲ್ಲ. ನಾಳೆವರೆಗೂ ಕಾಯೋದು ಬೇಡ, ಈಗ್ಲೇ ಕೆಳಗೆ ಸಾಮಾನಿನ ಕೋಣೆಗೆ ಕಳಿಸ್ತೀನಿ."

ತಾನು ತೋಡಿದ ಹಳ್ಳದಲ್ಲಿ ತಾನೇ ಬಿದ್ದದ್ದು ಅವನಿಗೆ ತಿಳಿಯುವ ಹೊತ್ತಿಗೆ ಮೇಷ್ಟ್ರು ಹಾಲ್‌ನ ಆ ಕಡೆಯಿಂದ ಓಡಿಬಂದರು. ಬಂದವರೇ ಅವನ ಮಂಡಿಯ ಮೇಲೆ ಕಾಲಿಟ್ಟರು.

"ಹಾಂ, ಇವರ ಜೇಬೂ ನೋಡಿ," ಎಂದರು ಜಡ್ಜ್ ಸಾಹೇಬರು. ಒಬ್ಬರೇ ಕಳ್ಳರಾಗುವುದು ಅವರಿಗೆ ಇಷ್ಟವಿರಲಿಲ್ಲ.

"ಇಲ್ಲ, ಇದು ನಿಜವಾದದ್ದು, ನಾನು ಕೂತ್ಕೋಬೇಕು," ಎಂದ ಕನ್ನಡಕದವನು.

"ಮೊದಲು ಜೇಬು," ಎಂದರು ಜಡ್ಜ್.

ಅವನು ಒಂದು ಜೇಬು ಹೊರಗೆಳೆದ. ಖಾಲಿ. ಇನ್ನೊಂದು ಎಳೆದ. ಗಾಜು ಒರೆಸುವ ಬಟ್ಟೆ. ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಲು ಹೋದ. ದೀಪಗಳೆಲ್ಲ ಒಂದೊಂದಾಗಿ ಆರಿದ ಹಾಗಾಯಿತು.

ಎಚ್ಚರವಾದಾಗ ಸಂಜೆ. ಹಡಗಿನ ಆಸ್ಪತ್ರೆಯ ಸಣ್ಣ ಮಂಚ, ಹಣೆಗೆ ಪಟ್ಟಿ. ಕೈ ಇಳಿಬಿಟ್ಟು ಮಂಚದ ಪಕ್ಕ ತಡಕಿದ. ಬೆಚ್ಚನೆಯ ತಲೆ ಸಿಗಲಿಲ್ಲ.

"ನನ್ನ ನಾಯೀನ ಕೆಳಗೆ ಹಾಕಿದ್ರಾ?" ಎಂದು ನರ್ಸನ್ನು ಕೇಳಿದ.

"ಕೆಳಗೆ ಯಾಕೆ ಹಾಕ್ತಾರೆ?" ಎಂದಳು ಅವಳು. "ಜೇಬು ಖಾಲಿ ಇದ್ದವರಿಗೆ ಕಾಲಿಟ್ರೆ ಅದು ಖಂಡಿತ ಅಂತ ಎಲ್ಲರೂ ಕಣ್ಣಾರೆ ನೋಡಿದ್ರಲ್ಲ. ಈಗ ಜೇಬು ಖಾಲಿ ಮಾಡ್ಕೊಂಡು ಪರೀಕ್ಷೆ ಮಾಡಿಸ್ಕೊಳ್ತಿದ್ದಾರೆ. ಕ್ಯಾಪ್ಟನ್ನೇ ಮೊದಲು ನಿಂತ್ರು."

ಅವನು ಗೋಡೆ ಹಿಡಿದುಕೊಂಡು ಹೊರಗೆ ಬಂದ. ಸಾಲು ಆಸ್ಪತ್ರೆಯ ಬಾಗಿಲವರೆಗೂ ಬಂದಿತ್ತು. ಉದ್ದದ ಓಣಿಯ ಆ ತುದಿಯಲ್ಲಿ, ಹಾಲ್‌ನ ಬಾಗಿಲಲ್ಲಿ, ಒಂದು ಕೆಂಪು ಕುರ್ಚಿಯ ಮೇಲೆ ಮೇಷ್ಟ್ರು ಕೂತಿದ್ದರು. ಪಕ್ಕದಲ್ಲಿ ಹಗ್ಗ ಹಿಡಿದ ಅಕ್ಕ. ಇವನ ಮಟ್ಟಿಗೆ ಆ ತುದಿ ಬೇರೆ ಊರಿನಷ್ಟು ದೂರವಿತ್ತು.

"ಅಕ್ಕ," ಎಂದು ಕೂಗಿದ.

"ಎದ್ಯಾ? ಒಳ್ಳೇದಾಯ್ತು," ಎಂದು ಅವಳು ಅಲ್ಲಿಂದಲೇ ಕೈ ಆಡಿಸಿದಳು. "ಸಾಲಲ್ಲಿ ಬಾರೋ. ನಿನಗೆ ಮೇಷ್ಟ್ರು ವರ್ಷಪೂರ್ತಿ ಇರ್ತಾರೆ, ಪಾಪ ಇವರಿಗೆ ನಾಲ್ಕೇ ದಿನ."

ಮುಂದೆ ಹೋಗಲು ನೋಡಿದ. ಸಾಲು ಕಾಯುವ ಸಮವಸ್ತ್ರದವನು ಅಡ್ಡ ನಿಂತ.

"ಅದು ನನ್ನ ನಾಯಿ," ಎಂದ ಕನ್ನಡಕದವನು.

"ಹಾಗಂತ ಹೇಳ್ಕೊಂಡೇ ಆಗ್ಲೇ ಇಬ್ರು ನುಗ್ಗೋಕೆ ನೋಡಿದ್ರು. ಹಿಂದೆ ನಿಂತ್ಕೊಳ್ಳಿ, ಸರ್."

ನಿಂತ. ಸಾಲು ಒಂದೊಂದೇ ಹೆಜ್ಜೆ ಸರಿಯಿತು. ಸ್ವಲ್ಪ ಹೊತ್ತಾದ ಮೇಲೆ ದೂರದಲ್ಲಿ ಮೇಷ್ಟ್ರು ಇದ್ದಕ್ಕಿದ್ದಂತೆ ಕುರ್ಚಿಯ ಮೇಲೆ ಎದ್ದು ನಿಂತರು. ಓಣಿಯುದ್ದಕ್ಕೂ ಕಣ್ಣು ನೆಟ್ಟು, ಹಗ್ಗ ಜಗ್ಗಿ, ಗಂಟಲೊಳಗೇ ನರಳತೊಡಗಿದರು. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಎದೆ ಹಿಡಿದುಕೊಂಡರು. "ನನ್ನನ್ನೇ ನೋಡ್ತಿದೆ," ಎಂದಳು ಮುತ್ತಿನ ಹಾರದಮ್ಮ. "ಇಲ್ಲ, ನನ್ನ," ಎಂದರು ಜಡ್ಜ್ ಸಾಹೇಬರು.

ಯಾರನ್ನು ನೋಡುತ್ತಿದ್ದಾರೆ ಎಂದು ಸಾಲಿನ ಕೊನೆಯವನಿಗೆ ಗೊತ್ತಿತ್ತು. ಅವನು ಗೋಡೆಗೆ ಬೆನ್ನು ಕೊಟ್ಟು, ಸದ್ದಿಲ್ಲದೆ ಜಾರಿ, ನೆಲದ ಮೇಲೆ ಕೂತುಕೊಂಡ.

ಸಮವಸ್ತ್ರದವನು ಬಂದು ಭುಜ ತಟ್ಟಿದ. "ಕೂತ್ರೆ ಸರದಿ ಹೋಗುತ್ತೆ, ಸರ್. ಎದ್ದು ನಿಂತ್ಕೊಳ್ಳಿ."