ಪರ್ಚ್ ಮೀನಿಗೆ ತಕ್ಕ ಗಾಳ

ಆ ಭಾನುವಾರ ಬೆಳಿಗ್ಗೆ ಗುಮಾಸ್ತ ಬಾಯಿಗೆ ಬೀಗ ಹಾಕಿಕೊಂಡು ಮೆಟ್ಟಿಲು ಇಳಿದಿದ್ದರೆ ಅವನ ಪಾಡಿಗೆ ಅವನು ಸುಖವಾಗಿರುತ್ತಿದ್ದ. ಆದರೆ ಕೆಳಗಿನ ಮನೆಯ ಸ್ಟೇಷನ್ ಮಾಸ್ತರರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಕಣ್ಣೆದುರು ಹಾದುಹೋಗುವುದನ್ನು ಎಲ್ಲಿಂದ, ಎಲ್ಲಿಗೆ ಎಂದು ವಿಚಾರಿಸದೆ ಬಿಡುವ ಆಸಾಮಿ ಅವರಲ್ಲ.

“ಎಲ್ಲಿಗಯ್ಯಾ ಸವಾರಿ? ಸಂಜೆ ನಾಲ್ಕಕ್ಕೆ ಮೀಟಿಂಗು. ನೆನಪಿದೆ ತಾನೆ?”

ನೆನಪಿಲ್ಲದೆ ಏನು? ಅದನ್ನೇ ನೆನೆದು ನೆನೆದು ಅವನ ನಿದ್ದೆ ಹಾರಿಹೋಗಿತ್ತು. ಕಟ್ಟಡದ ಲಿಫ್ಟ್ ಕೆಟ್ಟು ನಿಂತಿತ್ತು, ತಾರಸಿ ಸೋರುತ್ತಿತ್ತು, ಸಂಘದ ಪೆಟ್ಟಿಗೆಯಲ್ಲಿ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನೆಲ್ಲ ನೋಡಿಕೊಳ್ಳಬೇಕಾದ ಕಾರ್ಯದರ್ಶಿ ಮಹಾಶಯರು ಯಾರಿಗೂ ಹೇಳದೆ ಕೇಳದೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಬಡಾವಣೆ ಸೇರಿದ್ದರು. ಇವತ್ತು ಹೊಸ ಕಾರ್ಯದರ್ಶಿಯ ಆಯ್ಕೆ. ಕಟ್ಟಡದಲ್ಲಿ ಉಳಿದಿದ್ದವು ನಾಲ್ಕೇ ಸಂಸಾರ. ಮಾಸ್ತರರು ಆಗಲೇ ಅಧ್ಯಕ್ಷರು. ಹಲ್ಲಿನ ಡಾಕ್ಟರಿಗೆ ಪುರುಸೊತ್ತಿಲ್ಲ. ಟ್ಯೂಷನ್ ಮೇಡಂಗೆ ತಾಳ್ಮೆಯಿಲ್ಲ. ಇನ್ನು ಉಳಿದ ಹರಕೆಯ ಕುರಿ ಯಾರು ಅಂತ ಬೇರೆ ಹೇಳಬೇಕೆ?

ಗುಮಾಸ್ತ ಕೆಲಸ ಮಾಡುತ್ತಿದ್ದದ್ದು ನೀರು ಸರಬರಾಜು ಕಚೇರಿಯಲ್ಲಿ, ದೂರು ಕೇಳುವ ಕಿಟಕಿಯ ಹಿಂದೆ. ನಲ್ಲಿಯಲ್ಲಿ ನೀರು ಬಾರದವರು, ಬಂದು ನಿಲ್ಲದವರು, ಬಂದ ನೀರಿನ ಬಣ್ಣ ಹಿಡಿಸದವರು ವಾರವಿಡೀ ಅವನ ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದರು. ಕಾರ್ಯದರ್ಶಿಯಾದರೆ ಭಾನುವಾರವೂ ಅದೇ ಗೋಳು, ಅದೂ ಮನೆ ಬಾಗಿಲಿಗೆ. ನೆನೆಸಿಕೊಂಡರೆ ಅವನಿಗೆ ನಿಜಕ್ಕೂ ಅಳು ಬರುತ್ತಿತ್ತು. ಪಾರಾಗಲು ಒಂದೇ ದಾರಿ ಇತ್ತು. ಮೀಟಿಂಗಿಗೆ ಹಾಜರಿಲ್ಲದವರನ್ನು ಆರಿಸುವಂತಿಲ್ಲ ಎಂಬುದು ಸಂಘದ ನಿಯಮ. ಹಿಂದಿನ ಮೀಟಿಂಗುಗಳನ್ನು ತಪ್ಪಿಸಿಕೊಳ್ಳಲು ಅವನು ಸೋದರಮಾವನನ್ನು ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದ, ಒಂದು ಸಲ ಸಾಯಿಸಿಯೂ ಇದ್ದ. ಸತ್ತವನನ್ನು ಮತ್ತೆ ಸಾಯಿಸುವಂತಿರಲಿಲ್ಲ.

“ಸರೋವರಕ್ಕೆ ಸಾರ್,” ಎಂದುಬಿಟ್ಟ. “ಮೀನು ಹಿಡಿಯೋಕೆ. ಬರೋದು ಕತ್ತಲಾಗುತ್ತೆ.”

“ಮೀನಾ? ನೀನಾ? ಯಾವ ಮೀನು?”

ಬಸ್ಸಿನಿಂದ ದಿನಾ ಕಾಣುತ್ತಿದ್ದ ಒಂದು ಗಾಳದಂಗಡಿಯ ಬೋರ್ಡು ಆಪತ್ಕಾಲಕ್ಕೆ ಒದಗಿತು. “ಪರ್ಚು ಸಾರ್.”

“ಗಾಳ ಎಲ್ಲಿ?”

“ಅಲ್ಲೇ ತಗೋತೀನಿ.”

ಅಲ್ಲೇ ತಗೋತೀನಿ ಎಂದದ್ದೇ ತಪ್ಪಾಯಿತು. ಇನ್ನೊಬ್ಬರು ಏನನ್ನೋ ಕೊಳ್ಳುತ್ತಾರೆ ಎಂದು ಗೊತ್ತಾದ ಮೇಲೂ ಸಲಹೆ ಕೊಡದೆ ಸುಮ್ಮನಿರುವ ನೆರೆಯವರನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಮಾಸ್ತರರು ಕುರ್ಚಿಯಿಂದ ಎದ್ದೇಬಿಟ್ಟರು.

“ಅಂಗಡಿಯವನು ನಿನ್ನ ಮುಖ ನೋಡಿದ್ರೆ ಟೋಪಿ ಹಾಕ್ತಾನೆ ಕಣಯ್ಯಾ. ಪರ್ಚ್ ಗುಂಪು ಗುಂಪಾಗಿ ಬರೋ ಮೀನು. ಹೊತ್ತಿಗೆ ಸರಿಯಾಗಿ ಬರುತ್ತೆ, ಹೊತ್ತಿಗೆ ಸರಿಯಾಗಿ ಹೋಗುತ್ತೆ. ಅದಕ್ಕೆ ಬೆಂಡು ಕಟ್ಟಿದ ಗಾಳನೇ ಆಗ್ಬೇಕು. ಕೆಳಗೆ ಎರೆಹುಳ. ಬೆಂಡು ಮುಳುಗ್ತು, ಎಳಿ. ಮುಗೀತು!”

ಈ ಗದ್ದಲಕ್ಕೆ ಮೊದಲ ಮಹಡಿಯ ಟ್ಯೂಷನ್ ಮೇಡಂ ಇಣುಕಿದರು. ವಿಷಯ ತಿಳಿದದ್ದೇ ತಡ, ಫೋನಿನಲ್ಲಿ ಯಾವುದೋ ವಿಡಿಯೋ ಹಾಕಿಕೊಂಡೇ ಇಳಿದು ಬಂದರು. “ಬೆಂಡೆಲ್ಲಾ ಹಳೇ ಸಿಲಬಸ್ಸು ಸಾರ್. ಈಗ ದಾರದ ತುದೀಲಿ ಸೀಸದ ಗುಂಡು ಕಟ್ತಾರೆ, ಗೇಣುದ್ದ ಮೇಲೆ ಕೊಕ್ಕೆ. ಗುಂಡು ತಳದಲ್ಲಿ ಕೂರುತ್ತೆ, ಹುಳ ಮೇಲೆ ಕುಣಿಯುತ್ತೆ. ನೋಡಿ ಇಲ್ಲಿ, ಗಮನ ಇಟ್ಟು ನೋಡಿ!”

ಮೇಲಿನ ಮನೆಯ ಹಲ್ಲಿನ ಡಾಕ್ಟರು ಕಾರಿನ ಕೀಲಿ ತಿರುಗಿಸುತ್ತಾ ಬಂದು ಇಬ್ಬರನ್ನೂ ಕನಿಕರದಿಂದ ನೋಡಿದರು. “ಬಾಯಿ ವಿಷಯ ಬಾಯಿ ಗೊತ್ತಿರೋರಿಗೆ ಬಿಡಿ. ಪರ್ಚಿಗೆ ಬಾಯಿ ದೊಡ್ಡದು, ದುರಾಸೆ ಇನ್ನೂ ದೊಡ್ಡದು. ಹೊಳೆಯೋ ತಗಡು ಕಟ್ಟಿ ನೀರಲ್ಲಿ ತಿರುಗಿಸಿ ಸಾಕು, ಮರಿ ಮೀನು ಅಂದ್ಕೊಂಡು ಬಾಯಿ ಹಾಕುತ್ತೆ. ನಡೀರಿ ಇವರೇ, ಅಂಗಡಿವರೆಗೆ ನಾನೇ ಬಿಡ್ತೀನಿ.”

ಪುರುಸೊತ್ತಿಲ್ಲದ ಡಾಕ್ಟರು ಎಂದರೆ ಇವರೇ ನೋಡಿ! ಗುಮಾಸ್ತ ಬೇಡ ಬೇಡ ಎನ್ನುತ್ತಿದ್ದಂತೆಯೇ ಅವನನ್ನು ಹಿಂದಿನ ಸೀಟಿಗೆ ತುರುಕಿದರು. ಒಂದು ಪಕ್ಕದಲ್ಲಿ ಮೇಡಂ ಫೋನು ಹಿಡಿದು ಕೂತರು. ಮುಂದೆ ಕೂತ ಮಾಸ್ತರರು ದಾರಿಯುದ್ದಕ್ಕೂ ಡಾಕ್ಟರಿಗೆ ಕಾರು ಓಡಿಸುವುದನ್ನು ಕಲಿಸಿದರು.

ಅಂಗಡಿಯವನು ಜಾಣ. ಮೂವರು ಮಾತಾಡುವುದನ್ನೂ ಒಬ್ಬ ಬೆವರುವುದನ್ನೂ ನೋಡಿದ ಕೂಡಲೇ ಜೇಬು ಯಾರದೆಂದು ಅವನಿಗೆ ತಿಳಿದುಹೋಯಿತು.

“ಬೆಂಡೇ ತಾನೆ ಸರಿ?” ಎಂದರು ಮಾಸ್ತರರು.

“ಬೆಂಡು ಬಿಟ್ರೆ ಉಂಟೆ ಸ್ವಾಮೀ! ದಂಡೆ ಹತ್ರ, ಜೊಂಡಿನ ಪಕ್ಕ, ಅದೇ ರಾಜ.”

“ಮತ್ತೆ ಸೀಸದ ಗುಂಡು?” ಎಂದರು ಮೇಡಂ.

“ಆಳದ ನೀರಿಗೆ ಅದನ್ನ ಮೀರಿಸಿದ್ದಿಲ್ಲಮ್ಮ.”

“ತಗಡು?” ಎಂದರು ಡಾಕ್ಟರು.

“ಮೀನು ಎಲ್ಲಿದೆ ಅಂತ ಗೊತ್ತಿಲ್ದೆ ಇದ್ರೆ ತಗಡೇ ಹುಡುಕಿ ಕೊಡೋದು, ಡಾಕ್ಟ್ರೇ.”

ಮೂವರೂ ಒಬ್ಬರನ್ನೊಬ್ಬರು ಗೆದ್ದವರಂತೆ ನೋಡಿಕೊಂಡರು. ಆಮೇಲೆ ದಾರದ ಜಗಳ. ಪರ್ಚಿನ ಬೆನ್ನ ಮೇಲೆ ಮುಳ್ಳಿದೆ, ದಪ್ಪ ದಾರ ಬೇಕು ಎಂದು ಒಬ್ಬರು. ದಪ್ಪ ದಾರ ಮೀನಿನ ಕಣ್ಣಿಗೆ ಬೀಳುತ್ತದೆ ಎಂದು ಇನ್ನೊಬ್ಬರು. ಕೊಕ್ಕೆ ಸಣ್ಣದಿರಲಿ, ದೊಡ್ಡದಿರಲಿ ಎಂಬ ವಿಷಯಕ್ಕೆ ಡಾಕ್ಟರು ಅಂಗಡಿಯವನಿಂದಲೇ ಬಾಯಿ ತೆರೆಸಿ, ದವಡೆ ತೋರಿಸಿ ಪಾಠ ಮಾಡಿದರು. ಗುಮಾಸ್ತನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ, ದುಡ್ಡು ಕೊಡುವ ಹೊತ್ತಿನವರೆಗೆ. ಹೊರಬಂದಾಗ ಮಧ್ಯಾಹ್ನ ದಾಟಿತ್ತು; ಅವನ ಹೆಗಲ ಮೇಲೆ ನಾಲ್ಕು ಕೋಲು, ಕೈಯಲ್ಲಿ ಕೊಕ್ಕೆಗಳ ಡಬ್ಬಿ, ಕಂಕುಳಲ್ಲಿ ಎರೆಹುಳದ ಡಬ್ಬಿ. ನಾಲ್ಕನೆಯ ಕೋಲು ಯಾಕೆಂದು ಅಂಗಡಿಯವನಿಗೇ ಗೊತ್ತಿರಲಿಲ್ಲ.

“ನೀವಿನ್ನು ಹೊರಡಿ, ಮೀಟಿಂಗಿಗೆ ತಡವಾಗುತ್ತೆ,” ಎಂದ ಗುಮಾಸ್ತ, ಆದಷ್ಟು ನಯವಾಗಿ.

“ಇನ್ನೂ ಹೊತ್ತಿದೆ ಬಿಡಯ್ಯಾ. ಇಷ್ಟು ದೂರ ಬಂದು ಬೆಂಡು ಗೆಲ್ಲೋದನ್ನ ನೋಡದೆ ಹೋಗೋದೆ?”

ಸರೋವರ ಎಂದರೆ ಸಮುದ್ರದ ತಮ್ಮನಂತಿತ್ತು. ಆಚೆ ದಡ ಕಣ್ಣಿಗೆ ನಿಲುಕುತ್ತಿರಲಿಲ್ಲ. ಇಷ್ಟಗಲ ನೀರಿದ್ದರೂ ಒಂದೊಂದು ಕೋಲು ಕಿತ್ತುಕೊಂಡ ಮೂವರಿಗೂ ಬೇಕಾದದ್ದು ನೀರಿನ ಮೇಲೆ ಚಾಚಿದ ಮರದ ಅಟ್ಟಣೆಯ ತುದಿಯ ಒಂದೇ ಮೂಲೆ. ಮಾಸ್ತರರ ದಾರ ಮೇಡಂ ಅವರ ದಾರಕ್ಕೆ ಸುತ್ತಿಕೊಂಡಿತು. ಎರಡನ್ನೂ ಸೇರಿಸಿ ಡಾಕ್ಟರ ತಗಡು ಎಳೆಯಿತು. “ಗಾಡಿ ಬರೋ ಹಾದೀಲಿ ಅಡ್ಡ ಬರ್ಬೇಡಿ!” ಎಂದು ಮಾಸ್ತರರು ಕಿರುಚಿದರು. “ಗಲಾಟೆ ಮಾಡಿದ್ರೆ ಹೊರಗೆ ನಿಲ್ಲಿಸ್ತೀನಿ!” ಎಂದರು ಮೇಡಂ. ಇದೇ ತಕ್ಕ ಸಮಯವೆಂದು ಗುಮಾಸ್ತ ಮಿಕ್ಕ ಕೋಲನ್ನೂ ಹುಳದ ಡಬ್ಬಿಯನ್ನೂ ಎತ್ತಿಕೊಂಡು ಜೊಂಡಿನ ಮರೆಗೆ ಜಾರಿಕೊಂಡ.

ಅಲ್ಲೊಂದು ಚಪ್ಪಟೆ ಬಂಡೆ ಇತ್ತು. ಕೂತ. ಮೀನು ಹಿಡಿಯುವ ಉದ್ದೇಶ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಮೀನು ಬಿದ್ದರೆ ಬೊಬ್ಬೆ, ಬೊಬ್ಬೆ ಕೇಳಿದರೆ ಜನ. ಅದಕ್ಕೇ ಅಂಗಡಿಯವನು ಕಟ್ಟಿಕೊಟ್ಟಿದ್ದ ಕೊಕ್ಕೆಯನ್ನು ಉಗುರು ಕತ್ತರಿಯಿಂದ ಕತ್ತರಿಸಿ ಜೇಬಿಗಿಳಿಸಿದ. ಯಾರಾದರೂ ಬಂದರೆ ಏನಾದರೂ ಕಾಣಲಿ ಎಂದು ದಾರದ ತುದಿಗೆ ಒಂದು ದಪ್ಪ ಹುಳವನ್ನು ಗಂಟು ಹಾಕಿ ನೀರಿಗೆ ಬಿಟ್ಟ.

ಆಹಾ, ಎಂಥ ಮೌನ! ನೀರು ಬಂಡೆಗೆ ಮೆಲ್ಲಗೆ ತಾಗುತ್ತಿತ್ತು. ನೀರು ಬರಲಿಲ್ಲವೆಂದು ಇಲ್ಲಿ ಯಾರೂ ಬೈಯುತ್ತಿರಲಿಲ್ಲ. ಒಂದು ಹಕ್ಕಿ ಕೂಗಿ ಸುಮ್ಮನಾಯಿತು, ಅದಕ್ಕೂ ಯಾವ ದೂರೂ ಇರಲಿಲ್ಲ. ಎಷ್ಟೋ ದಿನಗಳ ಮೇಲೆ ಅವನ ಭುಜ ಸಡಿಲಾಯಿತು, ಕಣ್ಣು ತಾನಾಗಿ ಮುಚ್ಚಿತು. ಬದುಕಿದರೆ ಹೀಗೆ ಬದುಕಬೇಕು ಅನ್ನಿಸಿತು. ಮೂವರೂ ಜಗಳವಾಡಿ ಸುಸ್ತಾಗಿ ಮೀಟಿಂಗಿಗೆ ಹೊರಟರೆ ಅಲ್ಲಿಗೆ ತಾನು ಗೆದ್ದ ಹಾಗೆ.

“ಇಲ್ಲಿದಾನೆ ನೋಡಿ!” ಎಂಬ ಮಾಸ್ತರರ ದನಿ ಕಿವಿಯ ಹಿಂದೆಯೇ ಕೇಳಿತು.

ಮೂವರೂ ಬಂದು ನಿಂತಿದ್ದರು. ಯಾರಿಗೂ ಒಂದು ಮೀನೂ ಸಿಕ್ಕಿರಲಿಲ್ಲ, ಆದ್ದರಿಂದ ಈಗ ಮೂವರಿಗೂ ಒಗ್ಗಟ್ಟು ಬಂದಿತ್ತು.

“ಬೆಂಡು ಕಟ್ಟಿಲ್ವಲ್ಲಯ್ಯಾ!”

“ಸೀಸದ ಗುಂಡೂ ಇಲ್ಲ.”

“ತಗಡಂತೂ ಇಲ್ವೇ ಇಲ್ಲ. ಎಂಥ ಕೊಕ್ಕೆ ಹಾಕಿದೀರಿ ಇವರೇ? ಎತ್ತಿ ನೋಡೋಣ.”

“ಆಮೇಲೆ ಎತ್ತೋಣ,” ಎಂದ ಗುಮಾಸ್ತ ಗಾಬರಿಯಿಂದ. ಕೊಕ್ಕೆ ಇಲ್ಲವೆಂದು ಗೊತ್ತಾದರೆ ತನ್ನ ಬಣ್ಣ ಬಯಲು. ಮೀಟಿಂಗ್ ತಪ್ಪಿಸಲು ಹೂಡಿದ ನಾಟಕವೆಂದು ಇವರು ಊರಿಗೆಲ್ಲ ಸಾರುತ್ತಾರೆ.

“ಎತ್ತಿ ಅಂದ್ರೆ!” ಎಂದು ಡಾಕ್ಟರು ಕೋಲಿಗೆ ಕೈ ಹಾಕಿದರು. ಗುಮಾಸ್ತ ಅದನ್ನು ತನ್ನ ಕಡೆಗೆ ಸೆಳೆದುಕೊಂಡ. ಅಷ್ಟರಲ್ಲಿ ಮೂರನೆಯವರು ಯಾರೋ ನೀರಿನೊಳಗಿಂದಲೂ ಎಳೆದರು! ಬೆಚ್ಚಿಬಿದ್ದು ಗುಮಾಸ್ತ ಕೋಲನ್ನು ಇದ್ದಬದ್ದ ಬಲದಿಂದ ಹಿಂದಕ್ಕೆ ಬೀಸಿದ. ದಾರದ ತುದಿಯಲ್ಲಿ ಏನೋ ಹಾರಿ ಬಂದು ಮಾಸ್ತರರ ಹೊಟ್ಟೆಗೆ ಬಡಿದು ಹುಲ್ಲಿನ ಮೇಲೆ ಬಿತ್ತು.

ಪರ್ಚು! ಹಸಿರು ಮೈ, ಕಪ್ಪು ಪಟ್ಟೆ, ಕೆಂಪು ರೆಕ್ಕೆ, ಮೊಳಕೈಯಷ್ಟು ಉದ್ದ. ಬೆನ್ನ ಮುಳ್ಳು ಸೆಟೆಸಿಕೊಂಡು, ನುಂಗಿದ ಹುಳವನ್ನು ಬಿಡಲಾರದೆ ಒದ್ದಾಡುತ್ತಿತ್ತು. ಡಾಕ್ಟರು ಹೇಳಿದ ದುರಾಸೆಯ ಮಾತೊಂದು ಮಾತ್ರ ನಿಜವಾಗಿತ್ತು.

“ಸರೀರಿ, ಕೊಕ್ಕೆ ನಾನು ಬಿಡಿಸ್ತೀನಿ, ಇದು ನನ್ನ ಕೆಲಸ,” ಎಂದು ಡಾಕ್ಟರು ಮಂಡಿಯೂರಿದರು. ಮೀನಿನ ಬಾಯಿ ಅಗಲಿಸಿ ಮೇಲಿನ ದವಡೆ ನೋಡಿದರು, ಕೆಳಗಿನ ದವಡೆ ನೋಡಿದರು, ಬೆರಳು ಹಾಕಿ ತಡಕಿದರು. ದಾರವನ್ನು ಮೆಲ್ಲಗೆ ಎಳೆದಾಗ ಗಂಟು ಹಾಕಿದ ಹುಳ ಮಾತ್ರ ಈಚೆ ಬಂತು. ಡಾಕ್ಟರ ಮುಖ ಬಿಳಿಚಿಕೊಂಡಿತು.

“ಕೊಕ್ಕೆನೇ ಇಲ್ಲ!”

ಗುಮಾಸ್ತನಿಗೆ ಇನ್ನು ಮುಚ್ಚಿಡುವ ತ್ರಾಣ ಉಳಿದಿರಲಿಲ್ಲ. “ಇಲ್ಲ. ನಾನೇ ಕತ್ತರಿಸಿ ಹಾಕ್ದೆ. ನನಗೆ ಮೀನು ಹಿಡಿಯೋಕೇ ಬರಲ್ಲ. ಒಂದು ದಿನ ಸುಮ್ಮನೆ ಕೂರಬೇಕು ಅನ್ನಿಸ್ತು, ಬಂದೆ. ಇದು ತಾನಾಗೇ ಬಂದು ಕಚ್ಚಿಕೊಳ್ತು, ನನ್ನಾಣೆ!”

“ಕೇಳಿದ್ರಾ ವಿನಯ?” ಎಂದರು ಮೇಡಂ. “ನನ್ನ ಸ್ಟೂಡೆಂಟ್ಸು ಹತ್ತರಲ್ಲಿ ಎರಡು ತಗೊಂಡ್ರೂ ಬೀದಿಗೆಲ್ಲಾ ಕೇಳೋ ಹಾಗೆ ಹೇಳ್ಕೋತಾರೆ!”

ಮಾಸ್ತರರು ಹೊಟ್ಟೆಯ ಮೇಲಿನ ಒದ್ದೆ ಒರೆಸಿಕೊಳ್ಳುತ್ತಾ ಅವನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದರು. ಆಮೇಲೆ ಗಡಿಯಾರ ನೋಡಿದರು. ಅವರ ಕಣ್ಣಲ್ಲಿ ಒಂದು ಹೊಳಪು ಬಂತು. ಅದನ್ನು ಕಂಡು ಗುಮಾಸ್ತ ಒಂದು ಹೆಜ್ಜೆ ಹಿಂದೆ ಸರಿದ.

“ನಾಲ್ಕಾಯ್ತು. ಮೀಟಿಂಗಿನ ಹೊತ್ತು,” ಎಂದರು ಮಾಸ್ತರರು.

“ಹೌದೌದು, ಹೊರಡಿ ಸಾರ್, ತಡ ಆಯ್ತು!” ಎಂದ ಗುಮಾಸ್ತ.

“ಹೊರಡೋದೆಲ್ಲಿಗೆ? ಕೆಳಗಿನ ಮನೆ ನಾನು. ಮೇಡಂ ಇದಾರೆ, ಡಾಕ್ಟ್ರು ಇದಾರೆ, ನೀನಿದೀಯ. ಎಲ್ಲಾ ಮನೆಯವರೂ ಹಾಜರು. ಇಲ್ಲೇ ಶುರು ಮಾಡೋಣ.” ಮಾಸ್ತರರು ಗಂಟಲು ಸರಿಮಾಡಿಕೊಂಡರು. “ನೋಡಿ, ಲಿಫ್ಟ್ ರಿಪೇರಿ ಆಗ್ಬೇಕು, ತಾರಸಿ ಆಗ್ಬೇಕು, ಸಂಘದ ಹತ್ರ ಬಿಡಿಕಾಸಿಲ್ಲ. ಏನೂ ಇಲ್ದೆ ಎಲ್ಲಾ ಮಾಡೋ ಮನುಷ್ಯ ಎಲ್ಲಿ ಸಿಗ್ತಾನೆ ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ. ಕೊಕ್ಕೆ ಇಲ್ದೆ ಮೀನು ಎತ್ತಿದವನು ದುಡ್ಡಿಲ್ದೆ ಲಿಫ್ಟ್ ಎತ್ತಲ್ವೇನ್ರೀ?”

“ಎತ್ತೇ ಎತ್ತುತ್ತಾರೆ!” ಎಂದು ಡಾಕ್ಟರು ಕೈಯೆತ್ತಿದರು. ಮೇಡಂ ಅವರದು ಆಗಲೇ ಮೇಲಿತ್ತು.

“ಬೇಡ ಸಾರ್! ದಮ್ಮಯ್ಯ!” ಎಂದ ಗುಮಾಸ್ತ.

“ಮೂರಕ್ಕೆ ಒಂದು. ಪಾಸಾಯ್ತು,” ಎಂದರು ಮಾಸ್ತರರು.

ಮೂವರೂ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಪರ್ಚು ಒಮ್ಮೆ ಮೈ ಕೊಡವಿ ನೀರಿಗೆ ನೆಗೆದು ಹೋಯಿತು. ಗುಮಾಸ್ತನೂ ನೆಗೆಯಬಹುದೇ ಎಂದು ನೀರಿನ ಕಡೆ ನೋಡಿದ. ಅಷ್ಟರಲ್ಲಿ ಡಾಕ್ಟರು ಅವನ ಹೆಗಲ ಮೇಲೆ ಕೈ ಹಾಕಿ ಅದೇ ಬಂಡೆಯ ಮೇಲೆ ಕೂರಿಸಿದರು, ತಾವೂ ಒತ್ತಿಕೊಂಡು ಕೂತರು.

“ಕಂಗ್ರಾಟ್ಸ್, ಸೆಕ್ರೆಟರಿಗಳೇ,” ಎಂದರು. “ಇಲ್ಲಿ ಒಳ್ಳೇ ನಿಶ್ಶಬ್ದ ಇದೆ, ಸಮಾಧಾನವಾಗಿ ಕೇಳಿ. ನಮ್ಮನೆ ಬಚ್ಚಲಲ್ಲಿ ಒಂದೂವರೆ ತಿಂಗಳಿಂದ ನೀರು ಹೋಗ್ತಾ ಇಲ್ಲ.”