ಈರುಳ್ಳಿ ತಿನ್ನದ ಬೇಟೆಗಾರ

ಜಗತ್ತಿನಲ್ಲಿ ಈರುಳ್ಳಿಯನ್ನೂ ತಿನ್ನದ ಬೇಟೆಗಾರ ಒಬ್ಬನೇ ಒಬ್ಬನಿರಬೇಕು. ಅವನು ನನ್ನ ಹೆಂಡತಿಯ ತಮ್ಮನೇ ಆಗಬೇಕೆ! ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನೂ ಹೊಗಳಿಕೆಯೆಂದು ತಿಳಿದು ಬೀಗುವ ಪೈಕಿ ಅವನು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಯಾರ ಮೇಲೂ ದ್ವೇಷ ಸಾಧಿಸುವವನಲ್ಲ. ನೆನಪಿಟ್ಟುಕೊಳ್ಳುತ್ತೇನೆ, ಅಷ್ಟೇ. ನನ್ನ ಮದುವೆಯ ದಿನ, ಧಾರೆ ಮುಗಿದು ವಾಲಗ ನಿಂತ ಆ ಒಂದೇ ಕ್ಷಣವನ್ನು ಹುಡುಕಿ ಹಿಡಿದು, "ಅಮ್ಮಾ, ಭಾವನ ಕಿವಿ ಮೊರದಷ್ಟಿದೆ!" ಎಂದು ಇಡೀ ಛತ್ರಕ್ಕೆ ಘೋಷಿಸಿದವನು ಆಗ ಹನ್ನೆರಡು ವರ್ಷದವನಾಗಿದ್ದ ಇದೇ ಮಹಾಶಯ. ಚಿಕ್ಕವನೆಂದು ಬಿಟ್ಟುಬಿಡಬಹುದಿತ್ತು. ಆದರೆ ಬೆಳೆದ ಮೇಲೇನು ಮಾಡಿದ? ನಾನು ನಿವೃತ್ತನಾದಾಗ, ಇಲ್ಲಿ ಪರದೇಶದಲ್ಲಿ, ಹರ್ನ್‌ಡನ್ನಿನ ನಮ್ಮ ಮನೆಗೆ ಬಂದಿದ್ದ ಅಷ್ಟೂ ಅತಿಥಿಗಳ ಎದುರಿಗೆ, ಬೆಳ್ಳಿಯ ಭರಣಿಯೊಂದರಲ್ಲಿ ಎರಡು ಹತ್ತಿಯ ಉಂಡೆಗಳನ್ನಿಟ್ಟು ಉಡುಗೊರೆಯಾಗಿ ಕೊಟ್ಟ. ಏಕೆಂದರೆ ನಾನು ಮೂವತ್ತೊಂದು ವರ್ಷ ಪ್ರಯೋಗಾಲಯದಲ್ಲಿ ಕುಳಿತು ಸದ್ದನ್ನು ಅಳೆದವನು. ಜನ ನಕ್ಕರು. ಯಾರು ಯಾರು ನಕ್ಕರೆಂಬುದೂ ನನಗೆ ನೆನಪಿದೆ. ಭರಣಿ ಮಾತ್ರ ಚೆನ್ನಾಗಿತ್ತು.

ಅವನು ಅರಿವಳಿಕೆಯ ವೈದ್ಯ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳನ್ನು ನಿದ್ದೆ ಮಾಡಿಸುವುದೇ ಕಸುಬು. ಫೋರ್ಟ್ ಮಿಲ್‌ನಲ್ಲಿ ಮನೆ. ಕೊರೊನಾ ಕಾಲ ಇಳಿಮುಖವಾಗುತ್ತಿದ್ದಂತೆ, ಯಾರಿಗೂ ಕಾರಣ ಹೇಳದೆ ಕೆಲಸ ಬಿಟ್ಟ. ಅದಾದ ಮರುವರ್ಷ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಫೋನ್ ಮಾಡಿದ.

"ಭಾವ, ಜಿಂಕೆ ಬಂದು ಅವರೆ ಚಪ್ಪರ ಪೂರ್ತಿ ತಿಂದ್ಹಾಕ್ತು."

"ನಮಸ್ಕಾರ," ಎಂದೆ ನಾನು.

"ನಮಸ್ಕಾರ ಇರ್ಲಿ. ನಿಮ್ಮ ಸೌಂಡ್ ಮೀಟರ್ ಹಾಕ್ಕೊಂಡು ಡ್ರೈವ್ ಮಾಡ್ಕೊಂಡು ಬಂದ್ಬಿಡಿ. ಬಿಲ್ಲು ತಗೋಬೇಕು."

"ಬಿಲ್ಲೇ?"

"ಹಂಟಿಂಗ್‌ಗೆ. ಕ್ಲಾಸ್ ಮುಗೀತು, ಲೈಸೆನ್ಸೂ ಬಂತು. ಈ ಸೀಸನ್‌ನಲ್ಲಿ ಒಂದೇ ಒಂದು ಜಿಂಕೆ. ಆದ್ರೆ ಬಿಲ್ಲು ಸದ್ದೇ ಮಾಡಬಾರದು, ನೋಡಿ."

ನನ್ನ ಮಂಡಿನೋವು ಹೇಗಿದೆ ಎಂದು ಒಂದು ಮಾತು ಕೇಳಲಿಲ್ಲ! ಏಳು ಗಂಟೆಯ ದಾರಿ. ಹೋದೆ. ನನ್ನ ಮೀಟರಿನ ಮೇಲಿನ ಗೌರವಕ್ಕಾಗಿ ಹೋದೆನೇ ಹೊರತು ಅವನ ಮೇಲಿನ ಪ್ರೀತಿಯಿಂದಲ್ಲ.

ಬಾಗಿಲು ತೆರೆದ ಅವನ ಹೆಂಡತಿ ನೀರು ಕೊಡುವುದಕ್ಕೂ ಮೊದಲು ದೂರು ಕೊಟ್ಟಳು. "ನೋಡಿ ಅಣ್ಣ, ಈ ಮನೆಗೆ ಇವತ್ತಿನವರೆಗೂ ಮೊಟ್ಟೆ ಬಂದಿಲ್ಲ. ಈಗ ಡೈರೆಕ್ಟಾಗಿ ಜಿಂಕೇನೇ ಬರುತ್ತಂತೆ!"

"ಮನೆಗೆ ಯಾಕೆ ಬರುತ್ತೆ? ಬಡವರಿಗೆ ಊಟ ಹಾಕೋ ಚರ್ಚ್ ಇದ್ಯಲ್ಲ, ಅಲ್ಲಿಗೆ ಕೊಡ್ತೀನಿ," ಎಂದು ಒಳಗಿನಿಂದ ಉತ್ತರ ಬಂತು.

"ಆಯ್ತು, ನೀವೂ ಅಲ್ಲೇ ಇರಿ."

ಬಿಲ್ಲಿನ ಅಂಗಡಿಯ ಮಾಲೀಕ ಎದೆಯವರೆಗೆ ಗಡ್ಡ ಬಿಟ್ಟ, ಮೃದು ಸ್ವಭಾವದ ದೈತ್ಯ. ಅವನು ಮೊದಲು ತಂದಿಟ್ಟದ್ದು ಎರಡೂ ತುದಿಗಳಲ್ಲಿ ಗಾಲಿಗಳಿದ್ದ, ಮಧ್ಯೆ ನಾಲ್ಕಾರು ತಂತಿಗಳು ಹಾದುಹೋಗಿದ್ದ ಆಧುನಿಕ ಬಿಲ್ಲನ್ನು. ನನ್ನ ಭಾವಮೈದುನ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನು ಭಾವ, ಸೈಕಲ್ ರಿಪೇರಿ ಅಂಗಡಿಗೆ ಬಂದ್ವಾ?" ಎಂದ. ಅವನಿಗೆ ಬೇಕಾದದ್ದು ಮರದ್ದು. ಒಂದು ಕೋಲು, ಒಂದು ದಾರ, ಹಳೆಯ ಕಾಲದವರು ಹಿಡಿದಂಥದ್ದು.

ಸದ್ದಿನ ಬಗ್ಗೆ ಅವನಿಗೇಕೆ ಇಷ್ಟು ಹಟ? ದಾರಿಯಲ್ಲಿ ವಿವರಿಸಿದ್ದ. ಬಾಣಕ್ಕಿಂತ ಮೊದಲು ದಾರದ ಸದ್ದು ಜಿಂಕೆಯ ಕಿವಿಗೆ ಮುಟ್ಟುತ್ತದಂತೆ. ಅದು ಬೆಚ್ಚಿ ಮೈ ಕುಗ್ಗಿಸುತ್ತದೆ. ಬಾಣ ತಗಲಬಾರದ ಕಡೆ ತಗಲುತ್ತದೆ. ಆಮೇಲೆ ಎಲ್ಲೋ ಪೊದೆಯಲ್ಲಿ ಬಿದ್ದು ಗಂಟೆಗಟ್ಟಲೆ ನರಳುತ್ತದೆ. "ಅದು ಬೆಚ್ಚಬಾರದು ಭಾವ. ಅದಕ್ಕೆ ಗೊತ್ತೇ ಆಗಬಾರದು," ಎಂದಿದ್ದ. ಸ್ಟಿಯರಿಂಗನ್ನು ಅವನು ಅಷ್ಟು ಬಿಗಿಯಾಗಿ ಹಿಡಿದದ್ದನ್ನು ನಾನು ಕಂಡೆ. ಕಂಡೂ, ಎಲ್ಲ ಬೇಟೆಗಾರರೂ ಹೀಗೆಯೇ ಇರಬಹುದೆಂದು ಸುಮ್ಮನಾದೆ.

ಅಂಗಡಿಯ ಹಿಂಬದಿಯಲ್ಲಿ ಬಾಣ ಬಿಟ್ಟು ನೋಡಲು ಉದ್ದನೆಯ ಕೋಣೆಯಿತ್ತು. ನಾನು ಮುಕ್ಕಾಲಿಯ ಮೇಲೆ ಮೀಟರನ್ನು ನಿಲ್ಲಿಸಿ, ಅಂತರವನ್ನು ಟೇಪಿನಿಂದ ಅಳೆದು, ಹಾಳೆಯ ಮೇಲೆ ಗೆರೆ ಎಳೆದು ಸಿದ್ಧನಾದೆ. ಅವನು ಮಾಡಿದ್ದೇನು? ದೂರದ ಹಲಗೆಯ ಗೋಡೆಯ ಹಿಂದೆ ಹೋಗಿ, ಕಣ್ಣು ಮುಚ್ಚಿ, ಪ್ಯಾಂಟಿನ ಜೇಬಿನಿಂದ ಹುರಿಗಡಲೆ ತೆಗೆದು ಮೆಲ್ಲತೊಡಗಿದ.

"ಏನೋ ಇದು?"

"ನಾನು ಈಗ ಜಿಂಕೆ ಭಾವ. ಓಕ್ ಕಾಯಿ ತಿಂತಾ ಇದೀನಿ. ಅವನಿಗೆ ಬಾಣ ಬಿಡೋಕೆ ಹೇಳಿ. ನಾನು ಅಗಿಯೋದು ನಿಲ್ಲಿಸಿದ್ರೆ ಆ ಬಿಲ್ಲು ಫೇಲ್."

ಗಡ್ಡದವನು ನನ್ನ ಕಿವಿಯ ಬಳಿ ಬಾಗಿ, "ಈಸ್ ಹೀ ಓಕೆ, ಸರ್?" ಎಂದು ಪಿಸುಗುಟ್ಟಿದ. ನಲವತ್ತು ವರ್ಷಗಳಿಂದ ನಾನು ಕೇಳಿಕೊಳ್ಳುತ್ತ ಬಂದ ಪ್ರಶ್ನೆಯನ್ನು ಆ ಪುಣ್ಯಾತ್ಮ ಹತ್ತೇ ನಿಮಿಷದಲ್ಲಿ ತಲುಪಿದ್ದ!

ತುದಿಗಳು ಹೊರಕ್ಕೆ ಬಾಗಿದ್ದ ಮೊದಲ ಬಿಲ್ಲಿನ ದಾರ ಮರಕ್ಕೆ ಬಡಿದು 'ಟಪ್' ಎಂದಿತು. ಅಗಿತ ನಿಂತಿತು. ಎರಡನೆಯದಕ್ಕೂ ನಿಂತಿತು. ಆರನೆಯದಕ್ಕೆ ಕಡಲೆ ಗಂಟಲಿಗೆ ಸಿಕ್ಕಿ ಜಿಂಕೆಯ ಬೆನ್ನನ್ನು ಗುದ್ದಬೇಕಾಯಿತು. ಒಂಬತ್ತನೆಯದು ನೀಳವಾದ, ಅಲಂಕಾರವೇ ಇಲ್ಲದ, ಸ್ವಲ್ಪವೇ ಬಾಗಿದ ಲಾಂಗ್‌ಬೋ. ಗಡ್ಡದವನು ಅದಕ್ಕೆ ಭಾರವಾದ ಬಾಣ ಹೂಡಿ ಬಿಟ್ಟ. ಆ ಸದ್ದನ್ನು ಹೇಗೆ ವರ್ಣಿಸಲಿ? ಪಕ್ಕದ ಕೋಣೆಯಲ್ಲಿ ಯಾರೋ ರೇಷ್ಮೆ ಸೀರೆಯ ಮಡಿಕೆಯೊಂದನ್ನು ಬಿಚ್ಚಿದಂತಿತ್ತು. ಹಲಗೆಯ ಹಿಂದೆ ಹುರಿಗಡಲೆ ನಿಶ್ಚಿಂತೆಯಿಂದ ನುರಿಯುತ್ತಲೇ ಇತ್ತು.

"ಮೀಟರಿನ ಪ್ರಕಾರ ಏಳನೆಯದು ಇದಕ್ಕಿಂತ ಒಂದು ಕೂದಲೆಳೆಯಷ್ಟು ಮೆತ್ತಗಿದೆ," ಎಂದೆ, ಹಾಳೆಯನ್ನು ತೋರಿಸಿ.

"ಮೀಟರ್‌ಗೆ ಹೆದರಿಕೆ ಅಂದ್ರೆ ಗೊತ್ತಾಗಲ್ಲ ಭಾವ," ಎಂದ.

ಮೂವತ್ತೊಂದು ವರ್ಷದ ವೃತ್ತಿಗೆ ಒಂದೇ ವಾಕ್ಯದಲ್ಲಿ ಎಳ್ಳುನೀರು! ಬರೆದಿಟ್ಟುಕೊಂಡೆ.

ಅಲ್ಲಿಗೆ ಮುಗಿಯಿತೇ? ದಾರದ ಕಂಪನವನ್ನು ಅಡಗಿಸಲು ಅದಕ್ಕೆ ಉಣ್ಣೆಯ ಕುಚ್ಚು ಕಟ್ಟುತ್ತಾರಂತೆ. ಮರುದಿನ ಬೆಳಿಗ್ಗೆ ವಾಕಿಂಗ್ ಹೊರಡೋಣವೆಂದು ಆಗಸ್ಟಿನಲ್ಲೂ ಕಿವಿಗೆ ಸುತ್ತಿಕೊಳ್ಳದೆ ಹೊರಡದ ನನ್ನ ಮಫ್ಲರಿಗೆ ಕೈಹಾಕಿದರೆ ಅದು ಒಂದು ಗೇಣು ಗಿಡ್ಡವಾಗಿತ್ತು. ಹಿತ್ತಿಲಿನಲ್ಲಿ ಹೊಸ ಬಿಲ್ಲು ಬಿಸಿಲು ಕಾಯುತ್ತಿತ್ತು. ಅದರ ದಾರದ ಎರಡು ಕಡೆ ಪರಿಚಿತವಾದ ಕಂದು ಬಣ್ಣದ ಕುಚ್ಚುಗಳು!

"ಅಂಗಡಿಯ ಉಣ್ಣೆ ಒರಟು ಭಾವ. ನಿಮ್ಮದು ಚೆನ್ನಾಗಿ ಪಳಗಿದೆ," ಎಂದ. ಅದು ಕ್ಷಮೆಯಾಚನೆಯೋ ಪ್ರಶಂಸೆಯೋ ಇನ್ನೂ ತೀರ್ಮಾನಿಸಿಲ್ಲ.

ಆ ಮಧ್ಯಾಹ್ನವೇ ಊರಿಗೆ ಹೊರಟೆ. ಸೂಟ್‌ಕೇಸನ್ನು ಕಾರಿನಲ್ಲಿಡುವಾಗ ಅವನ ಹೆಂಡತಿ ಹಿಂದೆಯೇ ಬಂದಳು. ಈ ಸಲ ದನಿಯಲ್ಲಿ ತಮಾಷೆಯಿರಲಿಲ್ಲ.

"ಅಣ್ಣ, ಅವರು ಮಲಗಲ್ಲ. ಕೆಲಸ ಬಿಟ್ಟಾಗಿಂದ. ಒಂದು ಗಂಟೆ ಕಣ್ಣು ಮುಚ್ಚಿದ್ರೆ ಹೆಚ್ಚು. ಡಾಕ್ಟರ್ ಕೊಟ್ಟ ಮಾತ್ರೆ ಮುಟ್ಟಲ್ಲ. ಈ ಬಿಲ್ಲೊಂದೇ ಅವರಾಗೇ ಕೈಗೆ ತಗೊಂಡಿರೋದು. ಈಗ ಏನಾದ್ರೂ ಆ ಜಿಂಕೆ ಕಣ್ಮುಂದೆ ಒದ್ದಾಡಿ ಬಿಟ್ರೆ…" ಅವಳು ಕಾರಿನ ಡಿಕ್ಕಿಯನ್ನು ತಾನೇ ಮುಚ್ಚಿದಳು. "ಬೇಟೆಗೆ ಹೋಗೋವಾಗ ನೀವು ಜೊತೆಗೆ ಹೋಗಿ ಅಣ್ಣ. ನಿಮ್ಮ ಮಾತಿಗೆ ಬೆಲೆ ಕೊಡ್ತಾರೆ."

ಇದುವರೆಗಿನ ದಾಖಲೆಯಲ್ಲಿ ಅಂಥ ಬೆಲೆಯ ಉದಾಹರಣೆ ಒಂದೂ ಇರಲಿಲ್ಲ. ಆದರೂ ನವೆಂಬರಿನಲ್ಲಿ ಮತ್ತೆ ಏಳು ಗಂಟೆ ಕಾರು ನಡೆಸಿದೆ.

ಅವನ ಪರಿಚಯದ ರೈತನೊಬ್ಬನ ಕಾಡಿನ ಅಂಚಿನಲ್ಲಿ, ಬೆಳಕು ಇನ್ನೂ ಮನಸ್ಸು ಮಾಡದ ಹೊತ್ತಿನಲ್ಲಿ, ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು ಪಕ್ಕಪಕ್ಕದಲ್ಲಿ ಕುಳಿತೆವು. ಮಂಜು ನೆಲದಿಂದ ಮೊಣಕಾಲಿನವರೆಗೆ ನಿಂತಿತ್ತು. ಮರಗಳು ಬುಡವಿಲ್ಲದೆ ತೇಲುತ್ತಿದ್ದವು. ಬದುಕಿಡೀ ಸದ್ದನ್ನು ಅಳೆದವನು ನಾನು. ಸದ್ದಿಲ್ಲದಿರುವಿಕೆಯಲ್ಲಿ ಇಷ್ಟು ಪದರಗಳಿವೆಯೆಂದು ತಿಳಿದಿರಲಿಲ್ಲ. ಎಲೆಯೊಂದು ಕಳಚಿ, ತಡೆದು, ತಡೆದು, ಕೊನೆಗೆ ನೆಲ ಮುಟ್ಟಿದ್ದು ಕೇಳಿಸಿತು. ಆಮೇಲೆ ಅದರ ಪಕ್ಕದ ಎಲೆ ಸರಿದು ಜಾಗ ಕೊಟ್ಟದ್ದೂ ಕೇಳಿಸಿತೆಂದರೆ ನೀವು ನಂಬುವುದಿಲ್ಲ. ನಿದ್ದೆಯೂ ಎಚ್ಚರವೂ ಒಂದೇ ಶಾಲನ್ನು ಹೊದ್ದು ಕುಳಿತಂತಿತ್ತು.

"ಆ ಕೊರೊನಾ ವರ್ಷ ಐಸಿಯುನಲ್ಲಿ ಎಷ್ಟು ಸದ್ದು ಗೊತ್ತಾ ಭಾವ," ಎಂದ ಅವನು, ನನ್ನ ಕಡೆ ನೋಡದೆ, ಉಸಿರಿನಲ್ಲೇ. "ಒಂದು ಅಲಾರಂ ನಿಲ್ಲೋದ್ರೊಳಗೆ ಇನ್ನೊಂದು. ಹತ್ತರಿಂದ ಹಿಂದಕ್ಕೆ ಎಣಿಸಿ ಅಂತ ಹೇಳಿ, ಮಲಗಿಸಿ, ಉಸಿರಾಟಕ್ಕೆ ಗಂಟಲೊಳಗೆ ಟ್ಯೂಬ್ ಹಾಕ್ತಿದ್ದೆ. ಎರಡೆರಡು ಮಾಸ್ಕ್ ಒಳಗಿಂದ ನನ್ನ ದನಿ ಅವರಿಗೆ ಕೇಳಿಸ್ತಾನೇ ಇರ್ಲಿಲ್ಲ. ಬೆಚ್ಚಿಬಿದ್ದು ನನ್ನನ್ನೇ ನೋಡ್ತಿದ್ರು. ತುಂಬಾ ಜನ ಮತ್ತೆ ಏಳಲಿಲ್ಲ. ಹಾಗೇ, ಬೆಚ್ಚಿಕೊಂಡೇ ಹೋದ್ರು. ಒಂದಾದ್ರೂ… ಒಂದು ಜೀವ ಆದ್ರೂ ಹೆದರದೆ ಹೋಗ್ಲಿ, ನನ್ನ ಕೈಯಲ್ಲಿ."

ನಾನು ಅವನ ಕಡೆ ತಿರುಗುವಷ್ಟರಲ್ಲಿ ಮಂಜನ್ನು ಮೈಯಿಂದ ಸರಿಸುತ್ತ ಒಂದು ಹೆಣ್ಣುಜಿಂಕೆ ಬಂತು. ಹದಿನೈದು ಹೆಜ್ಜೆ ದೂರ, ಅಷ್ಟೇ. ತಲೆ ತಗ್ಗಿಸಿ ಓಕ್ ಕಾಯಿಗಳನ್ನು ಮೆಲ್ಲತೊಡಗಿತು. ಅವನು ಕುಳಿತಲ್ಲಿಂದಲೇ ಬಿಲ್ಲನ್ನೆತ್ತಿ ದಾರವನ್ನು ಕೆನ್ನೆಯವರೆಗೆ ಎಳೆದ. ಯಾವ ಸದ್ದೂ ಇಲ್ಲ. ಜಿಂಕೆಗೆ ಏನೂ ತಿಳಿಯಲಿಲ್ಲ. ಎಲ್ಲವೂ ಅವನು ಬಯಸಿದಂತೆಯೇ ಇತ್ತು.

ಆಗ ಅವನ ತುಟಿಗಳು ಕಂಡವು. ಎಣಿಸುತ್ತಿದ್ದ. ಹತ್ತು… ಒಂಬತ್ತು… ಎಂಟು… ಕಣ್ಣೀರು ಗಲ್ಲದಿಂದ ದಾರಕ್ಕೆ ಇಳಿಯುತ್ತಿತ್ತು. ಒಂದು ಸಂಗತಿ ನನಗೆ ಸ್ಪಷ್ಟವಾಯಿತು: ಆ ಬಾಣ ಹೊರಟರೆ ಜಿಂಕೆ ಹೆದರದೆ ಹೋದೀತು, ಇವನು ಮಾತ್ರ ಇನ್ನೆಂದೂ ಮಲಗಲಾರ.

ನಾನು ಕೆಮ್ಮಿದೆ.

ಮೊರದಗಲದ ಕಿವಿಯವನಿಗೆ ಸಲ್ಲುವಂಥ, ಇಡೀ ಕಾಡು ಎದ್ದು ಕೂರುವಂಥ ಕೆಮ್ಮು! ಬಾಲದ ಬಿಳುಪು ಒಮ್ಮೆ ಮಿಂಚಿತು. ಮತ್ತೆ ಮಂಜು ಮಾತ್ರ ಉಳಿಯಿತು.

ಅವನು ದಾರವನ್ನು ನಿಧಾನವಾಗಿ ಇಳಿಸಿದ. ಬಾಣವನ್ನು ಬಿಲ್ಲಿನಿಂದ ತೆಗೆದು ಬತ್ತಳಿಕೆಗೆ ಸೇರಿಸಿದ.

"ನಿಮಗೆ ಕೆಮ್ಮು ಇರ್ಲಿಲ್ವಲ್ಲ ಭಾವ."

"ಈಗ ಬಂತು."

"ನಿಮ್ಮಿಂದಲೇ ಬೇಟೆ ಹಾಳಾಯ್ತು ಅಂತ ಕನ್ನಡ ಸಂಘದವರಿಗೆಲ್ಲ ಹೇಳ್ತೀನಿ."

"ಹೇಳು."

"ಮೈಕ್ ಹಿಡ್ಕೊಂಡು ಹೇಳ್ತೀನಿ."

"ಹೇಳಪ್ಪ."

ಅವನು ನಕ್ಕನೋ ಅತ್ತನೋ, ಹೆಗಲು ಕುಲುಕಿತು. ಬಿಲ್ಲನ್ನು ಎಲೆಗಳ ಮೇಲೆ ಮಲಗಿಸಿ ಮರಕ್ಕೆ ಒರಗಿದ. ಸ್ವಲ್ಪ ಹೊತ್ತಿಗೆ ಅವನ ತಲೆ ಜಾರಿ ನನ್ನ ಭುಜದ ಮೇಲೆ ಬಂತು. ಬಾಯಿ ತೆರೆದುಕೊಂಡಿತು, ಉಸಿರು ನೀಳವಾಯಿತು. ಬಿಸಿಲು ಕೊಂಬೆಗಳಿಂದ ಇಳಿದು ನಮ್ಮ ಬೂಟುಗಳವರೆಗೆ ಬಂದರೂ ಅವನು ಏಳಲಿಲ್ಲ. ನನ್ನ ಮಂಡಿ ಉರಿಯುತ್ತಿತ್ತು. ಎಡಗೈ ಜೋಮು ಹಿಡಿದು ಎಷ್ಟೋ ಹೊತ್ತಾಗಿತ್ತು.

ಆಗ, ನಿಜವಾಗಿಯೂ, ಗಂಟಲಿನಲ್ಲಿ ಕೆಮ್ಮು ಬಂತು. ಕಣ್ಣಿನಲ್ಲಿ ನೀರು ಬರುವವರೆಗೆ ನುಂಗಿಕೊಂಡು, ಅಲುಗಾಡದೆ ಕುಳಿತೆ.