ಅರ್ಜಿ ಕೊಟ್ಟು ಮೆಟ್ಟಿಲು ಕಳೆದುಕೊಂಡದ್ದು

ಮೂವತ್ತೊಂದು ವರ್ಷ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದವನಿಗೆ ಪಿಂಚಣಿಯ ಜೊತೆ ಒಂದು ನಂಬಿಕೆಯೂ ಉಳಿದುಬಿಡುತ್ತದೆ. ಲೋಕದ ಯಾವ ತೊಂದರೆಗೂ ಒಂದು ಅರ್ಜಿ ಇದೆ. ಅದನ್ನು ಸರಿಯಾಗಿ ಬರೆಯಬೇಕು, ಅಷ್ಟೆ. ವಿಷಯ, ಉಲ್ಲೇಖ, ಮಾನ್ಯರೇ, ತಮ್ಮ ವಿಶ್ವಾಸಿ. ಈ ನಾಲ್ಕೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರೆ ಆಗದ ಕೆಲಸವೇ ಇಲ್ಲ ಎಂದು ನಾನು ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಮನೆಯಲ್ಲಿ ಪೆನ್ನುಗಳನ್ನೆಲ್ಲ ನನ್ನ ಹೆಂಡತಿ ಗಿರಿಜಾ ಎತ್ತಿಟ್ಟಿದ್ದಾಳೆ.

ನಮ್ಮ ಮಗಳು ವಿದ್ಯಾ ಸೊರಬದ ಒಂದು ಶಾಲೆಯಲ್ಲಿ ಟೀಚರು. ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡಿರುವ, ಜಡೆ ಎಂಬ ಊರಿನ ಹುಡುಗನನ್ನು ಮೆಚ್ಚಿದ್ದಳು. ಹುಡುಗನೂ ಮೆಚ್ಚಿದ್ದ. ನಮಗೂ ಒಪ್ಪಿಗೆಯಾಗಿತ್ತು. ಬಾಕಿ ಇದ್ದದ್ದು ಹುಡುಗನ ಅಜ್ಜಿ ಒಬ್ಬರೇ. ಅವರು ನಮ್ಮೂರು ಶಿಕಾರಿಪುರಕ್ಕೆ ಬಂದು, ಮನೆ ನೋಡಿ, ಹೂಂ ಅನ್ನಬೇಕಿತ್ತು.

"ಅಪ್ಪಾಜಿ, ಅವರ ಮನ್ಯಾಗೆ ಅಜ್ಜಿ ಮಾತೇ ಕೊನೆ. ಹುಡುಗಿಗಿಂತ ಮೊದ್ಲು ಮನೆ, ಬೀದಿ, ನೆರೆಹೊರೆ ನೋಡ್ತಾರಂತೆ. ನೀವು ದಯವಿಟ್ಟು ಏನೂ ಮಾಡ್ಬೇಡ್ರಿ" ಎಂದು ವಿದ್ಯಾ ಫೋನಿನಲ್ಲಿ ಹೇಳಿದಳು.

ಇದರಲ್ಲಿ 'ಬೀದಿ' ಎಂಬ ಮಾತು ಮಾತ್ರ ನನ್ನ ಕಿವಿಗೆ ಬಿತ್ತು.

ನಮ್ಮ ಬೀದಿ ಹೇಳಿಕೊಳ್ಳುವಂತಿರಲಿಲ್ಲ. ಚರಂಡಿ ಕಟ್ಟಿಕೊಂಡು ನಾರುತ್ತಿತ್ತು. ಸೊಳ್ಳೆಗಳು ಹಗಲಲ್ಲೂ ಕೆಲಸ ಮಾಡುತ್ತಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಎದುರುಮನೆ ಚನ್ನಬಸಪ್ಪನ ಟ್ರ್ಯಾಕ್ಟರ್ ಟ್ರೇಲರ್! ಚನ್ನಬಸಪ್ಪ ಗೋವಿನಜೋಳದ ವ್ಯಾಪಾರಿ. ಹೊಸ ಟ್ರೇಲರ್ ಬಂದ ಮೇಲೆ ಹಳೆಯದನ್ನು ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿ ಮರೆತಿದ್ದ. ಅದು ತುಕ್ಕು ಹಿಡಿದು, ಅದರೊಳಗೆ ಔಡಲ ಗಿಡ ಆಳೆತ್ತರ ಬೆಳೆದು, ಕೆಳಗೆ ನಾಯಿ ಸಂಸಾರ ಹೂಡಿತ್ತು. ನಮ್ಮ ಬಾಗಿಲಲ್ಲಿ ನಿಂತರೆ ಕಣ್ಣಿಗೆ ಬೀಳುವುದು ಮೊದಲು ಅದೇ. ಜಡೆಯ ಅಜ್ಜಿಗೂ ಅದೇ ಬೀಳುತ್ತದಲ್ಲ!

"ಚನ್ನಬಸಣ್ಣಗೆ ಹೇಳಿದ್ರೆ ತೆಗೆಸ್ತಾರೆ ಬಿಡ್ರಿ" ಎಂದಳು ಗಿರಿಜಾ.

"ಬಾಯಿಮಾತಿಗೆ ದಾಖಲೆ ಇರಲ್ಲ" ಎಂದು ನಾನು ಬಿಳಿ ಹಾಳೆ ತೆಗೆದೆ.

ಪುರಸಭೆಗೆ ಬರೆದ ಅರ್ಜಿ ಚೆನ್ನಾಗಿಯೇ ಬಂತು. ಒಂದು, ಚರಂಡಿ ದುರ್ನಾತ. ಎರಡು, ಸೊಳ್ಳೆ. ಮೂರು, 'ಕೆಲವು ಖಾಸಗಿ ವ್ಯಕ್ತಿಗಳು ನಿರುಪಯುಕ್ತ ವಾಹನಾದಿಗಳನ್ನು ನಿಲ್ಲಿಸಿ ಬೀದಿಯ ಅಂದಗೆಡಿಸಿರುವುದು'. ಬೀದಿಯ ಎಲ್ಲ ಕಟ್ಟಡಗಳನ್ನೂ ಅಳೆದು, ನಿಯಮ ಮೀರಿದ್ದನ್ನು ನಿರ್ದಾಕ್ಷಿಣ್ಯವಾಗಿ ತೆರವು ಮಾಡಬೇಕೆಂದು ಕೋರಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹಾಳೆಯ ಕೆಳಗೆ ಎರಡು ಬೆರಳು ಜಾಗ ಉಳಿದಿತ್ತು. ಜಾಗ ಖಾಲಿ ಬಿಟ್ಟು ಅಭ್ಯಾಸವಿಲ್ಲ. ಹೀಗೆ ಬರೆದೆ: 'ಈ ಶುಭಕಾರ್ಯವು ನನ್ನ ಮನೆಯಿಂದಲೇ ಆರಂಭವಾಗಲಿ. ಅದಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇದ್ದು, ಯಾವುದೇ ನೋಟಿಸಿನ ಅಗತ್ಯವಿರುವುದಿಲ್ಲ.'

ಓದಿ ನನಗೇ ಮೈ ಜುಂ ಅಂದಿತು!

ಬೀದಿಯವರೆಲ್ಲ ಸಹಿ ಹಾಕಿದರು. ಚನ್ನಬಸಪ್ಪನ ಮನೆಗೂ ಹೋದೆ. ಬಿಟ್ಟರೆ ಅನುಮಾನ ಬರುತ್ತದಲ್ಲ! ಅವನು ಕನ್ನಡಕ ಹುಡುಕುವ ಗೋಜಿಗೂ ಹೋಗಲಿಲ್ಲ. "ನೀವು ಬರ್ದಿದ್ದು ಅಂದ್ಮ್ಯಾಲೆ ಓದಾದೇನು ರುದ್ರಣ್ಣಾರೇ, ಎಲ್ಲಿ ಹಾಕ್ಲಿ ಹೇಳ್ರಿ" ಎಂದು ಸಹಿ ಹಾಕಿ, ಚಹಾ ಕುಡಿಸಿ ಕಳಿಸಿದ. ಆ ಚಹಾಕ್ಕೆ ಏಲಕ್ಕಿಯನ್ನೂ ಹಾಕಿಸಿದ್ದ. ನಾನು ಒಂದು ಹನಿಯೂ ಬಿಡದೆ ಕುಡಿದೆ.

ಅರ್ಜಿ ಕೊಟ್ಟರೆ ಕಚೇರಿಯವರು ಆರು ತಿಂಗಳು ಬರುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ನನ್ನ ಹಣೆಬರಹಕ್ಕೆ ಅವರು ಆರನೇ ದಿನವೇ ಬಂದರು. ಬುಧವಾರ ಬೆಳಿಗ್ಗೆ ಒಬ್ಬ ತರುಣ ಎಂಜಿನಿಯರು, ಇಬ್ಬರು ಸಿಬ್ಬಂದಿ, ಒಂದು ಉದ್ದನೆಯ ಟೇಪು. ಅಜ್ಜಿ ಬರುವುದು ಭಾನುವಾರ. ಲೆಕ್ಕ ಸರಿಯಾಗಿದೆ ಎಂದು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಬಂದೆ. ಬೀದಿಗೆ ಬೀದಿಯೇ ಸೇರಿತ್ತು.

"ಅರ್ಜಿದಾರರು ನೀವೇನಾ ಸಾರ್? ನಿಮ್ ಮನೆಯಿಂದ್ಲೇ ಶುರು ಮಾಡ್ಬೇಕು ಅಂತ ಬರ್ದೀರಿ."

"ಖಂಡಿತ! ಅಳೀರಿ!"

ಅಳೆದರು. ಎಂಜಿನಿಯರ್ ಹುಡುಗ ಎರಡು ಸಲ ಅಳೆದ. ಪಾಪ, ಅವನಿಗೇ ಸಂಕೋಚವಾಗಿತ್ತು.

"ಸಾರ್, ನಿಮ್ ಮೆಟ್ಟಿಲು ನಾಲ್ಕಕ್ಕೆ ನಾಲ್ಕೂ ಚರಂಡಿ ಮೇಲೆ ಬಂದಾವೆ."

ಇಲ್ಲಿ ಸ್ವಲ್ಪ ವಿವರ ಹೇಳಬೇಕು. ರಸ್ತೆಗೆ ಡಾಂಬರು ಹಾಕಿ ಹಾಕಿ ಎತ್ತರಿಸುತ್ತಾರೆ, ಮನೆ ತಗ್ಗಾಗುತ್ತದೆ ಎಂಬ ದೂರದೃಷ್ಟಿಯಿಂದ ನಾನು ತಳಪಾಯವನ್ನು ಎದೆಮಟ್ಟಕ್ಕೆ ಏರಿಸಿ ಮನೆ ಕಟ್ಟಿಸಿದ್ದೆ. ಅಷ್ಟೆತ್ತರಕ್ಕೆ ಹತ್ತಲು ಕಲ್ಲಿನ ಮೆಟ್ಟಿಲು, ಅವುಗಳ ಎರಡೂ ಕಡೆ ಕೂರುವುದಕ್ಕೆ ಕಟ್ಟೆ. ಎಲ್ಲವೂ ಗೋಡೆಯಿಂದ ಹೊರಗೇ. ಇದು ಅತಿಕ್ರಮಣ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅತಿಕ್ರಮಣ ಎಂದರೆ ಬೇರೆಯವರು ಮಾಡುವುದು ಎಂದುಕೊಂಡಿದ್ದೆ.

"ಈ ಕಲ್ಲು ಎತ್ತಾಕಾಗ್ದೇ ಚರಂಡಿ ಹೂಳು ಇಲ್ಲೇ ಕಟ್ಕೊಂಡೈತೆ ಸಾರ್. ವಾಸ್ನೆ, ಸೊಳ್ಳೆ ಎಲ್ಲಾ ಇದ್ರಿಂದ್ಲೇ. ನಿಮ್ ಅರ್ಜಿ ಒಂದು, ಎರಡು ಇಲ್ಲಿಗೆ ಮುಗೀತು. ಮೂರನೇದು ಯಾವ್ದು, ಆ ಟ್ರೇಲರ್ರಾ?"

ಟೇಪು ಎದುರಿಗೆ ಹೋಯಿತು. ಟ್ರೇಲರ್ ಚನ್ನಬಸಪ್ಪನ ಸ್ವಂತ ಜಾಗದಲ್ಲಿ, ಎಲ್ಲೆಗಿಂತ ಒಂದು ಮೊಳ ಒಳಗೇ ನಿಂತಿತ್ತು. ಟ್ರೇಲರ್ ಸಕ್ರಮ. ನಾನು ಅಕ್ರಮ!

ಚನ್ನಬಸಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ನನ್ನ ಕಡೆ ನೋಡಿದ. ಸಿಟ್ಟೇನೂ ಇರಲಿಲ್ಲ. "ಅಯ್ಯ, ಆವತ್ತಿನ ಸಹಿ ನನ್ ಟ್ರೇಲರ್ ಸುದ್ದೀನಾ? ಒಂದು ಮಾತು ಬಾಯ್ಬಿಟ್ಟು ಹೇಳಿದ್ರೆ ಆವತ್ತೇ ಎಳಸ್ತಿದ್ನಲ್ರೀ" ಎಂದ.

ಹದಿನೆಂಟು ವರ್ಷದ ನೆರೆಮನೆ. ನನ್ನ ಆಪರೇಷನ್ನಿನ ಸಮಯದಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಮಲಗಿದ್ದವನು ಇವನೇ. ಅವನಿಗೆ ಒಂದು ಮಾತು ಹೇಳದೆ ಸರ್ಕಾರಕ್ಕೆ ಬರೆದೆನಲ್ಲ ಎಂದು ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆಗ ಆ ಎಂಜಿನಿಯರ್ ಹುಡುಗ ಮೆಲ್ಲಗೆ ಒಂದು ದಾರಿ ತೋರಿಸಿದ.

"ಉಳ್ದೋರಿಗೆ ನೋಟಿಸ್ ಕೊಟ್ಟು ಟೈಮ್ ಕೊಡ್ತೀವಿ ಸಾರ್. ನೀವು ನೋಟಿಸೇ ಬೇಡ ಅಂದೀರಿ. ಬೇಕಾದ್ರೆ ಅದನ್ನ ವಾಪಸ್ ತಗೊಂಡು ಒಂದ್ ಲೈನ್ ಬರ್ದುಕೊಡ್ರಿ."

ಗಿರಿಜಾ ಬಾಗಿಲಿಂದ ಕೈಸನ್ನೆ ಮಾಡುತ್ತಿದ್ದಳು. ತಗೊಳ್ರಿ, ತಗೊಳ್ರಿ! ಆದರೆ ಬೀದಿಯ ಜನವೆಲ್ಲ ನನ್ನ ಮುಖ ನೋಡುತ್ತಿತ್ತು. "ಬರೆದದ್ದು ಬರೆದದ್ದೇ!" ಎಂದೆ. ಯಾರೋ ಚಪ್ಪಾಳೆ ತಟ್ಟಿದರು. ಶುಕ್ರವಾರ ಜೆಸಿಬಿ ಬಂದು, ಹತ್ತು ನಿಮಿಷದಲ್ಲಿ ಮೆಟ್ಟಿಲು, ಕಟ್ಟೆ, ಎರಡು ಹೂಕುಂಡ ಎಲ್ಲವನ್ನೂ ಎತ್ತಿ ಒಯ್ದಿತು. ಚರಂಡಿ ಸರಾಗವಾಗಿ ಹರಿಯತೊಡಗಿತು. ನಾವು ಮಾತ್ರ ಮೇಲೆಯೇ ಉಳಿದೆವು.

ಹಿತ್ತಲ ಬಾಗಿಲಿನಿಂದ ನಾವು ಓಡಾಡಬಹುದಿತ್ತು. ಒಬ್ಬರು ಮಾತ್ರ ಹಿಡಿಸುವ ಓಣಿ, ಬಚ್ಚಲು, ಸೌದೆ ಒಟ್ಟಿಲು ದಾಟಿ ಒಳಗೆ ಬರಬೇಕು. ಹೆಣ್ಣು ನೋಡಲು ಬಂದವರನ್ನು ಬಚ್ಚಲ ಕಡೆಯಿಂದ ಕರೆತರಲಾದೀತೇ? ಮುಂದಿನ ಹೊಸ್ತಿಲು ದಾಟಿಯೇ ಬರಬೇಕು. ಗಾರೆಯವನನ್ನು ಕರೆಸಿದೆ. ಗೋಡೆ ಒಡೆದು ಒಳಗಡೆಯಿಂದ ಮೆಟ್ಟಿಲು ಕಟ್ಟಲು ಹತ್ತು ದಿನ ಬೇಕು ಅಂದ. ಶನಿವಾರ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುರ್ಚಿ ಇಟ್ಟು ನೋಡಿದೆ. ಸ್ಟೂಲು ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ. ಹಳೆಯ ಬಾಗಿಲೊಂದನ್ನು ಓರೆಯಾಗಿ ಇಟ್ಟೆ. ಗಿರಿಜಾ ತರಕಾರಿ ಚೀಲ ಹಿಡಿದು ಅರ್ಧ ಹತ್ತಿ, ಅಲ್ಲಿಂದ ಜಾರಿ ರಸ್ತೆಗೇ ಬಂದು ನಿಂತಳು. ಬದನೆಕಾಯಿಗಳು ಅವಳಿಗಿಂತ ಮುಂದೆ ಹೋದವು.

"ರೀ, ನಾಳೆ ಬೀಗರಿಗೆ ಕಾಲಿಗೆ ನೀರು ಕೊಡ್ಲೋ, ಏಣಿ ಕೊಡ್ಲೋ?" ಎಂದಳು. ನಾನು ಬದನೆಕಾಯಿಗಳನ್ನು ಆರಿಸತೊಡಗಿದೆ. ಹಿಂದಿನ ದಿನವೇ ಊರಿಗೆ ಬಂದಿದ್ದ ವಿದ್ಯಾ ಇದನ್ನೆಲ್ಲ ನೋಡಿದಳು. ಒಳಗೆ ಹೋಗಿ ಸೀರೆಗೆ ಇಸ್ತ್ರಿ ಹಾಕುತ್ತ ಕೂತಳು. ಅವಳು ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಚನ್ನಬಸಪ್ಪ ಟ್ರ್ಯಾಕ್ಟರ್ ಸಮೇತ ಹಾಜರಾದ. ಔಡಲ ಕಡಿದು, ಚಕ್ರಕ್ಕೆ ಗಾಳಿ ಹಾಕಿಸಿ, ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟಿದ್ದ. "ಬೀಗರು ಬರಾದ್ರೊಳಗೆ ಇದನ್ನ ಹೊಲಕ್ಕೆ ಒಯ್ತೀನಿ ರುದ್ರಣ್ಣಾರೇ. ಕಣ್ಣಿಗೆ ಕಾಣ್ಬಾರ್ದಲ್ಲ" ಎಂದ.

ಹೊಸ್ತಿಲ ಮೇಲೆ ನಿಂತಿದ್ದ ಗಿರಿಜಾ ಟ್ರೇಲರ್ ನೋಡಿದಳು. ತನ್ನ ಕಾಲ ಕೆಳಗಿನ ಎತ್ತರ ನೋಡಿದಳು. "ಚನ್ನಬಸಣ್ಣ, ಹೊಲಕ್ಕೆ ಬ್ಯಾಡ. ಇಲ್ಲಿ ಬಾಗ್ಲಿಗೆ ತಂದು ಹಚ್ರಿ!" ಎಂದಳು.

ಟ್ರೇಲರಿನ ಹಲಗೆ ನಮ್ಮ ಹೊಸ್ತಿಲಿಗೆ ಅಳೆದು ಮಾಡಿಸಿದಂತೆ ಕೂತಿತು. ಕೆಳಗಿನಿಂದ ಅದಕ್ಕೆ ಹತ್ತಲು ಚನ್ನಬಸಪ್ಪ ಜೋಳದ ಚೀಲಗಳನ್ನು ಮೆಟ್ಟಿಲಂತೆ ಒಟ್ಟಿದ. ಬೀದಿಯವರು ನೀರು ತಂದು ತೊಳೆದರು. ಸಾರ್ವಜನಿಕ ಚರಂಡಿಯ ಮೇಲೆ, ಸಾರ್ವಜನಿಕ ರಸ್ತೆಯಲ್ಲಿ ವಾಹನ ನಿಲ್ಲಿಸುವುದು ನಿಯಮಬಾಹಿರ. ನಾನು ಆಕ್ಷೇಪ ಎತ್ತಬೇಕಿತ್ತು. ಬಾಯಿ ಮುಚ್ಚಿಕೊಂಡು ಜಮಖಾನೆಯ ಒಂದು ತುದಿ ಹಿಡಿದೆ.

ಹನ್ನೊಂದಕ್ಕೆ ಹುಡುಗ, ಅವನ ತಂದೆತಾಯಿ, ಅಜ್ಜಿ ಬಂದರು. ಅಜ್ಜಿ ಚನ್ನಬಸಪ್ಪನ ಕೈ ಹಿಡಿದು ಚೀಲ ಹತ್ತಿ ಟ್ರೇಲರಿಗೆ ಬಂದವರು ಅಲ್ಲೇ ಜಮಖಾನೆಯ ಮೇಲೆ ಕೂತುಬಿಟ್ಟರು. "ಒಳಗೆಂತಕ್ಕೆ? ಇಲ್ಲೇ ಗಾಳಿ ಚೆನ್ನಾಗೈತೆ" ಎಂದರು. ಅವರನ್ನು ಬಿಟ್ಟು ಉಳಿದವರು ಒಳಗೆ ಹೋಗುವುದು ಹೇಗೆ? ಹೀಗಾಗಿ ನನ್ನ ಮಗಳು ರೇಷ್ಮೆ ಸೀರೆಯುಟ್ಟು, ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು, ಟ್ರ್ಯಾಕ್ಟರ್ ಟ್ರೇಲರಿನೊಳಕ್ಕೆ ಬಂದಳು. ಬೀದಿಯೆಲ್ಲ ನೋಡುತ್ತಿತ್ತು.

"ಅಲ್ಲ, ಮನೆ ಮೆಟ್ಟಿಲು ಎಂತಾತು?" ಎಂದು ಅಜ್ಜಿ ಕೇಳಿದರು.

ಎಲ್ಲರೂ ಉಪ್ಪಿಟ್ಟಿಗೆ ತಲೆ ತಗ್ಗಿಸಿದರು. ಚನ್ನಬಸಪ್ಪ ಮುಂದೆ ಬಂದು, "ಹೊಸಾವು ಕಟ್ಟಸಾಕೆ ತೆಗೆಸ್ಯಾರ್ರೀ ಯಜಮಾನ್ತಿ" ಎಂದ. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಬೀಗರ ಎದುರು ಸುಳ್ಳು ಮಾಹಿತಿ ದಾಖಲಾಗುವುದು ನನ್ನಿಂದ ನೋಡಲಾಗಲಿಲ್ಲ. "ವಾಸ್ತವಾಂಶ ಬೇರೆ ಇದೆ" ಎಂದು ಒಳಗೆ ಹೋಗಿ, ಫೈಲು ತಂದು, ಅರ್ಜಿಯ ನಕಲನ್ನು ಮೊದಲಿನಿಂದ ಕೊನೆಯ ಎರಡು ಸಾಲಿನವರೆಗೂ ಓದಿದೆ. ವಿದ್ಯಾ ಕಣ್ಣು ಮುಚ್ಚಿಕೊಂಡಳು.

ಅಜ್ಜಿ ಪೂರ್ತಿ ಕೇಳಿದರು. ತಟ್ಟೆ ಕೆಳಗಿಟ್ಟರು. ನನ್ನ ಕಡೆ ನೋಡದೆ ಚನ್ನಬಸಪ್ಪನನ್ನು ಕರೆದರು.

"ತಮ್ಮಾ, ಇವ್ರು ಅರ್ಜಿ ಕೊಟ್ಟಿದ್ದು ನಿನ್ನ ಈ ಗಾಡಿ ಮ್ಯಾಲೇನಾ?"

"ಹೌದ್ರೀ."

"ಆದ್ರೂ ತಂದು ನಿಲ್ಸೀಯಾ?"

"ನಮ್ ಕೂಸಿನ ಕೆಲ್ಸ ಅಲ್ಲೇನ್ರೀ."

ಅಜ್ಜಿ ಟ್ರೇಲರಿನ ಹಲಗೆಯನ್ನು ಕೈಯಿಂದ ತಟ್ಟಿ ನೋಡಿದರು. ನಾನು ಫೈಲು ಮುಚ್ಚಿದೆ.

"ಖರೇ ಹೇಳು. ಹುಡ್ಗಿ ಅಪ್ಪನ ಹಂಗೇನಾ?"

"ಛೆ ಛೆ! ಪೂರಾ ತಾಯಿ ಹಂಗೆ ರೀ!"

"ಹಂಗಾರೆ ಆತು. ಇಂಥ ನೆರೆಹೊರೆ ಇಟ್ಕಂಡೋರ ಮನೆ ಬಿಡಾಕಾಗಲ್ಲ" ಎಂದು ಅಜ್ಜಿ ವಿದ್ಯಾಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಗಿರಿಜಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಗಳು ನನ್ನನ್ನು ಹೋಲುವುದಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ಸಂಬಂಧ ಕುದುರಿತು!

ಹೊರಡುವಾಗ ಅಜ್ಜಿ ಒಂದೇ ಒಂದು ಷರತ್ತು ಹಾಕಿದರು. "ಲಗ್ನಪತ್ರಿಕೆ ಬರೆಯೋ ಕೆಲ್ಸ ಮಾತ್ರ ಹುಡ್ಗಿ ಅಪ್ಪಂಗೆ ಕೊಡ್ಬೇಡಿ."

ಎಲ್ಲರಿಗಿಂತ ಮೊದಲು ವಿದ್ಯಾ ಒಪ್ಪಿದಳು. ಆಮೇಲೆ ಗಿರಿಜಾ, ಚನ್ನಬಸಪ್ಪ, ಬೀದಿಯವರು. ಕೊನೆಗೆ ನಾನೂ ಒಪ್ಪಿದೆ. ಬಾಯಿಮಾತಿನಲ್ಲೇ!